ಬೆನ್ನಿಗೆ ಮಣ್ಣು: ವಾರಾಂತ್ಯ ವೀಕ್ಷಣಶಾಸ್ತ್ರಕ್ಕೆ ಒಂದು ಪ್ರವೇಶಿಕೆ

ಆಡುವವರ ಕುರಿತು ಗ್ರಂಥಗಳು ರಾಶಿ ಬಿದ್ದಿವೆ. ನೋಡುವವರ ಕುರಿತು ಒಂದು ಶಾಸ್ತ್ರವೂ ಹುಟ್ಟಲಿಲ್ಲ. ಆಡುವವನಿಗೆ ಸಂಬಳವಿದೆ, ನೀರು ಕುಡಿಯಲು ವಿರಾಮವಿದೆ, ಕಾಲು ಉಳುಕಿದರೆ ಓಡಿಬರುವ ವೈದ್ಯನಿದ್ದಾನೆ. ನೋಡುವವನಿಗೆ ಇವೊಂದೂ ಇಲ್ಲ. ಮೇಲಾಗಿ ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕು. ಈ ಅನ್ಯಾಯ ಸರಿಪಡಿಸುವ ಸದುದ್ದೇಶದಿಂದ ಪ್ರಸ್ತುತ ಲೇಖಕನು 2025ರ ಜೂನ್ 7 ಮತ್ತು 8ರಂದು, ಶನಿವಾರ ಮತ್ತು ರವಿವಾರ, ಇಳಕಲ್ಲಿನ ತನ್ನ ಮನೆಯ ಪಡಸಾಲೆಯಲ್ಲಿ ಕ್ಷೇತ್ರಕಾರ್ಯ ಕೈಗೊಂಡನು. ಉಪಕರಣಗಳು: ಟೀವಿ ಒಂದು, ಮೊಬೈಲು ಒಂದು, ಚುರಮುರಿ ಒಂದು ಬುಟ್ಟಿ. ಮಾರ್ಗದರ್ಶಕರು ಯಾರೂ ಇರಲಿಲ್ಲ. ಆಕ್ಷೇಪಕರು ಒಬ್ಬರಿದ್ದರು, ಅವರು ಲೇಖಕನ ಧರ್ಮಪತ್ನಿ.

ಮೊದಲು ಪದವಿಚಾರ. ನೋಡಿದ್ದು ಮುಖ್ಯವಾಗಿ ಪ್ಯಾರಿಸ್ಸಿನ ಫ್ರೆಂಚ್ ಓಪನ್ ಟೆನಿಸ್ಸು, ಅದು ‘ಬೇಸಿಗೆ ಆಟ’ವಂತೆ. ಪ್ಯಾರಿಸ್ಸಿನವರಿಗೆ ಜೂನ್ ಎಂದರೆ ಬೇಸಿಗೆ. ನಮ್ಮಲ್ಲಿ ಅಷ್ಟೊತ್ತಿಗೆ ಮಿರಗದ ಮಳೆ ಕೂಡಿ, ಹುನಗುಂದ ಸೀಮೆಯ ಎರಿಹೊಲದವರು ಮುಗಿಲಿಗೆ ಮುಖ ಮಾಡಿ ನಿಂತಿರುತ್ತಾರೆ. ನಮ್ಮ ಬೇಸಿಗೆ ಏಪ್ರಿಲ್, ಮೇ ತಿಂಗಳದ್ದು. ಆಗ ಬಾದಾಮಿಯ ಬಂಡೆ ಮುಟ್ಟಿದರೆ ಅಂಗೈ ಸುಡುತ್ತದೆ. ಬಂಡೆ ಹತ್ತಲೆಂದೇ ದೂರದೇಶಗಳಿಂದ ಬರುವ ಪಟುಗಳು ಅದಕ್ಕೇ ಚಳಿಗಾಲ ನೋಡಿಕೊಂಡು ಬರುತ್ತಾರೆ. ವರ್ಷವಿಡೀ ಅಭ್ಯಾಸ ತಪ್ಪಿಸದವು ಅಲ್ಲಿನ ಮಂಗಗಳು ಮಾತ್ರ, ಅದೂ ಹಗ್ಗವಿಲ್ಲದೆ. ಆದ್ದರಿಂದ ‘ಬೇಸಿಗೆ ಆಟ’ ಎಂಬ ಪ್ರಯೋಗವನ್ನು ಹೀಗೆ ನಿರ್ವಚಿಸಬೇಕು: ಎಲ್ಲೋ ಒಂದು ಕಡೆ ಬೇಸಿಗೆ ಇರುವಾಗ ಇಳಕಲ್ಲಿನಲ್ಲಿ ಕರೆಂಟಿನ ಭರವಸೆಯ ಮೇಲೆ ನೋಡುವ ಆಟ.

ಕ್ರಿಕೆಟ್ ಯಾಕೆ ನೋಡಲಿಲ್ಲ ಎಂದು ಪೂರ್ವಪಕ್ಷದವರು ಕೇಳಬಹುದು. ಆ ವಾರದ ಮಂಗಳವಾರ, ಜೂನ್ 3ರ ರಾತ್ರಿ, ಅಹಮದಾಬಾದಿನಲ್ಲಿ ಬೆಂಗಳೂರು ತಂಡ ಪಂಜಾಬನ್ನು 6 ರನ್‌ಗಳಿಂದ ಸೋಲಿಸಿ 18ನೇ ಯತ್ನಕ್ಕೆ ಐಪಿಎಲ್ ಕಪ್ ಮುಟ್ಟಿತ್ತು. ನಮ್ಮ ಓಣಿಯಲ್ಲೂ ಪಟಾಕಿ ಸಿಡಿದವು. ಮರುದಿನ ಬೆಂಗಳೂರಿನ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಆಟ ನೋಡಲು ಹೋದವರೂ ಅಲ್ಲ ಅವರು, ಗೆದ್ದವರ ಮುಖ ನೋಡಲು ಹೋದವರು. ಅಲ್ಲಿಗೆ ಈ ಅಣಕಿನ ಧಾಟಿ ಹೋಗುವುದಿಲ್ಲ. ಓಣಿಯ ಹುಡುಗರು ನಾಲ್ಕು ದಿನ ಬ್ಯಾಟು ಮುಟ್ಟಲಿಲ್ಲ. ನಾನೂ ಟೀವಿಯನ್ನು ಟೆನಿಸ್ಸಿಗೆ ತಿರುಗಿಸಿದೆ.

ಇನ್ನು ಇತಿಹಾಸ. ಕರ್ನಾಟಕದ ಮೊತ್ತಮೊದಲ ಕ್ರೀಡಾ ವರದಿಗಾರ ಯಾರು? ಪ್ರಸ್ತುತ ಲೇಖಕನ ಮತದಲ್ಲಿ ಐಹೊಳೆಯ ರವಿಕೀರ್ತಿ. ಮೇಗುಟಿ ಬಸದಿಯ ಗೋಡೆಯ ಮೇಲೆ 634ರಲ್ಲಿ ಅವನು ಕೆತ್ತಿಸಿದ ಶಾಸನವನ್ನು ಇತಿಹಾಸಕಾರರು ಪ್ರಶಸ್ತಿ ಎನ್ನುತ್ತಾರೆ. ಪ್ರಶಸ್ತಿ ಎಂದರೆ ಕಪ್ ಎಂದು ಓಣಿಯ ಹುಡುಗರಿಗೂ ಗೊತ್ತು. ಇಮ್ಮಡಿ ಪುಲಕೇಶಿ ಯಾರ್ಯಾರನ್ನು ಎಲ್ಲೆಲ್ಲಿ ಸೋಲಿಸಿದ ಎಂಬ ಪಟ್ಟಿ ಅದರಲ್ಲಿ ಸಾಲಾಗಿ ಬರುತ್ತದೆ. ಉತ್ತರದಿಂದ ಬಂದ ಬಲಿಷ್ಠ ತಂಡದ ನಾಯಕ ಹರ್ಷ ಸೋತಾಗ, ಅವನ ಹೆಸರಿನ ಮೇಲೆಯೇ ಶ್ಲೇಷೆ ಮಾಡಿ, ಹರ್ಷನಿಗೆ ಹರ್ಷವೇ ಉಳಿಯಲಿಲ್ಲ ಎಂಬರ್ಥದ ಮಾತು ಹೇಳುತ್ತಾನೆ. ಇವತ್ತಿನ ಪತ್ರಿಕೆಗಳ ಕ್ರೀಡಾಪುಟದ ತಲೆಬರಹಗಳು ಇದೇ ಕುಲದವು. 1400 ವರ್ಷಗಳಲ್ಲಿ ಕಲೆ ಒಂದಿಂಚೂ ಮುಂದೆ ಸರಿದಿಲ್ಲ. ವರದಿ ಮುಗಿಸುವಾಗ ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡದ್ದನ್ನೂ ಗಮನಿಸಬೇಕು. ವೀಕ್ಷಕ ವಿವರಣೆಗಾರರ ವಿನಯಕ್ಕೆ ಮೂಲ ಎಲ್ಲಿದೆ ಎಂಬುದು ಇದರಿಂದ ಸ್ಪಷ್ಟ.

ಆದರೆ ಶಾಸ್ತ್ರದೃಷ್ಟಿಯಿಂದ ಮುಖ್ಯವಾದದ್ದು ಶಾಸನದಲ್ಲಿ ಇಲ್ಲದ್ದು. 642ರಲ್ಲಿ ಮರುಪಂದ್ಯ ನಡೆಯಿತು, ತವರಿನ ಅಂಗಳದಲ್ಲೇ. ಪಲ್ಲವ ನರಸಿಂಹವರ್ಮ ಬಾದಾಮಿಗೆ ಬಂದು ಗೆದ್ದ, ‘ವಾತಾಪಿಕೊಂಡ’ ಎಂಬ ಬಿರುದು ಕಟ್ಟಿಕೊಂಡ, ನಮ್ಮದೇ ಬಂಡೆಯ ಮೇಲೆ ತನ್ನ ಶಾಸನ ಬರೆಸಿ ಹೋದ. ಮೇಗುಟಿಯ ಗೋಡೆಗೆ ಇದೊಂದೂ ಗೊತ್ತಿಲ್ಲ. ಅಲ್ಲಿ ಇವತ್ತಿಗೂ ನಾವೇ ಗೆಲ್ಲುತ್ತಿದ್ದೇವೆ. ಸುಮಾರು ನೂರು ವರ್ಷ ಕಳೆದ ಮೇಲೆ ಪುಲಕೇಶಿಯ ವಂಶದ ಇಮ್ಮಡಿ ವಿಕ್ರಮಾದಿತ್ಯ ಪಲ್ಲವರ ಕಂಚಿಗೆ ಹೋಗಿ ಗೆದ್ದು, ಅಲ್ಲಿನ ಕೈಲಾಸನಾಥ ದೇವಾಲಯವನ್ನು ಕೆಡವದೆ, ದಾನ ಕೊಟ್ಟು, ಕಂಬದ ಮೇಲೆ ಕನ್ನಡದಲ್ಲಿ ಸ್ಕೋರು ಬರೆಸಿ ಬಂದ. ಆ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ನಿಲ್ಲಿಸಿದ್ದೇ ವಿರೂಪಾಕ್ಷ ದೇವಾಲಯ. ಇಷ್ಟು ದೊಡ್ಡ ಟ್ರೋಫಿ ಬೇರೆ ಯಾವ ಆಟದಲ್ಲೂ ಪ್ರಸ್ತುತ ಲೇಖಕನ ಕಣ್ಣಿಗೆ ಬಿದ್ದಿಲ್ಲ. ಅಭಿಮಾನಿಯ ಲಕ್ಷಣವನ್ನು ಇದರ ಮೇಲಿಂದ ಹೀಗೆ ಸೂತ್ರೀಕರಿಸಬಹುದು: ಗೆದ್ದದ್ದನ್ನು ಕಲ್ಲಿನಲ್ಲಿ ಬರೆಯುವವನು, ಸೋತದ್ದನ್ನು ಎದುರಾಳಿ ಬರೆಯಲೆಂದು ಬಿಡುವವನು.

ಕೂರುವ ಭಂಗಿಗೂ ಬಾದಾಮಿಯಲ್ಲೇ ಪ್ರಮಾಣವಿದೆ. ಶನಿವಾರ ಬೆಳಿಗ್ಗೆ ಬೀಗರನ್ನು ಗವಿ ತೋರಿಸಲು ಕರೆದೊಯ್ದಾಗ ಇದು ಹೊಳೆಯಿತು. ವಿಷ್ಣು ಸಾಮಾನ್ಯವಾಗಿ ಶೇಷನ ಮೇಲೆ ಮಲಗಿರುತ್ತಾನೆ; 578ರಲ್ಲಿ ಕೊರೆದು ಮುಗಿಸಿದ ಮೂರನೇ ಗವಿಯಲ್ಲಿ ಎದ್ದು ಕೂತಿದ್ದಾನೆ. ಆರಾಮಾಗಿ ಒರಗಿದ್ದವನು ಒಮ್ಮೆಲೇ ಎದ್ದು ಕೂರುವುದು ಯಾವಾಗ ಎಂದು ಟೈಬ್ರೇಕ್ ನೋಡಿದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮೊದಲನೇ ಗವಿಯ ನಟರಾಜನಿಗೆ 18 ಕೈ. ರಿಮೋಟು, ಮೊಬೈಲು, ಮಿರ್ಚಿ, ಚಹಾದ ಬಟ್ಟಲು, ಸೊಳ್ಳೆ ಹೊಡೆಯುವ ಬ್ಯಾಟು ಎಂದು ಎಣಿಸುತ್ತ ಹೋದರೆ ನಮಗೂ ಅಷ್ಟೇ ಬೇಕು. ಬೀಗರು ಈ ವ್ಯಾಖ್ಯಾನ ಕೇಳಿ, ಗೈಡ್ ಒಬ್ಬರನ್ನು ಮಾಡಿಕೊಳ್ಳೋಣ ಎಂದರು.

ಶನಿವಾರ ಸಂಜೆ ಆರೂವರೆಗೆ ಹೆಣ್ಣುಮಕ್ಕಳ ಫೈನಲ್. ಮೊದಲ ಸೆಟ್ಟನ್ನು ಟೈಬ್ರೇಕಿನಲ್ಲಿ ಸೋತ ಕೋಕೋ ಗಾಫ್, ಉಳಿದೆರಡನ್ನು 6-2, 6-4ರಿಂದ ಗೆದ್ದು ಸಬಲೆಂಕಾಳನ್ನು ಸೋಲಿಸಿದಳು. ಇಲ್ಲಿ ಇಳಕಲ್ಲಿನ ವೀಕ್ಷಕರಿಗಿರುವ ವಿಶೇಷ ಅರ್ಹತೆಯನ್ನು ದಾಖಲಿಸಬೇಕು. ಚೆಂಡು ಅತ್ತ ಇತ್ತ ಹೋಗುವುದನ್ನು ನೋಡಿ ಹೊರಗಿನವರ ಕುತ್ತಿಗೆ ಹಿಡಿಯುತ್ತದೆ. ನಮ್ಮದು ತಲೆಮಾರುಗಳಿಂದ ಕುಣಿಮಗ್ಗದ ಲಾಳಿಯ ಜೊತೆ ಎಡಕ್ಕೂ ಬಲಕ್ಕೂ ಆಡಿ ಪಳಗಿದ ಕುತ್ತಿಗೆ. ಟೈಬ್ರೇಕ್ ಏನೆಂದು ಪಕ್ಕದ ಮನೆಯ ನೇಕಾರರಿಗೆ ವಿವರಿಸಲು ಅರ್ಧ ನಿಮಿಷ ಸಾಕಾಯಿತು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಒಂದು ಕೊಂಡಿಯೂ ತಪ್ಪುವಂತಿಲ್ಲ. “ಅಂದರ ಇದು ಕೊಂಡಿ ಕಟ್ಟೂ ಹೊತ್ತು. ಮಾತಾಡಬ್ಯಾಡ್ರಿ,” ಎಂದು ಅವರು ಎಲ್ಲರ ಬಾಯಿ ಮುಚ್ಚಿಸಿದರು. ಪ್ಯಾರಿಸ್ಸಿನ ಅಂಪೈರೂ ಅದನ್ನೇ ಹೇಳುತ್ತಿದ್ದರು.

ಕಷ್ಟ ಬಂದದ್ದು ಆಟ ಮುಗಿದ ಮೇಲೆ. ಗೆದ್ದ ಹುಡುಗಿ ಕೆಂಪು ಮಣ್ಣಿನಲ್ಲಿ ಅಂಗಾತ ಬಿದ್ದು ಮುಖ ಮುಚ್ಚಿಕೊಂಡಳು. ನಮ್ಮ ಪಡಸಾಲೆಯ ಮೂಲೆಯಲ್ಲಿ ಒಬ್ಬ ಪೈಲವಾನ ಕಾಕಾ ಕೂತಿದ್ದರು. ಹರೆಯದಲ್ಲಿ ಹುನಗುಂದ ಸೀಮೆಯ ಜಾತ್ರೆಗಳಲ್ಲಿ ಬೆಳ್ಳಿ ಕಡಗಕ್ಕೆ ಕುಸ್ತಿ ಹಿಡಿದವರು. ಪ್ಯಾರಿಸ್ಸಿನ ಅಂಗಳದ ಮೇಲೆ ಇಟ್ಟಿಗೆ ಪುಡಿ ಹಾಸಿರುತ್ತಾರೆ ಎಂದು ತಿಳಿದಾಗಿನಿಂದ ಅವರಿಗೆ ಈ ಆಟದ ಮೇಲೆ ಗೌರವ ಬಂದಿತ್ತು. ಗರಡಿಯ ಕೆಮ್ಮಣ್ಣಿಗೆ ಹಾಕುವಂತೆ ಅದಕ್ಕೂ ಎಣ್ಣೆ, ಅರಿಶಿನ ಹಾಕುತ್ತಾರೋ ಇಲ್ಲವೋ ಎಂಬುದೊಂದೇ ಅವರ ಸಂಶಯವಾಗಿತ್ತು. ಈಗ ಅವರು ತೀರ್ಪು ಕೊಟ್ಟುಬಿಟ್ಟರು: “ಬೆನ್ನ ಮಣ್ಣಿಗೆ ಹತ್ತೇತಿ. ಸೋತಳು ಆಕಿ.”

“ಕಾಕಾ, ಆಕಿನ ಗೆದ್ದಾಳ್ರಿ. ಖುಷಿಗೆ ಬಿದ್ದಾಳ.”

“ಖುಷಿಗೆ ಯಾರರ ಚಿತ್ ಬೀಳತಾರೇನಲೇ?”

ಈ ಪ್ರಶ್ನೆಗೆ ಅಂತರರಾಷ್ಟ್ರೀಯ ಟೆನಿಸ್ ನಿಯಮಗಳಲ್ಲಿ ಉತ್ತರವಿಲ್ಲ.

ರವಿವಾರದ ಹಗಲು ಬೇಗ ಸರಿಯಿತು. ಎರಡು ಮೂರು ದಿನಕ್ಕೆ ಕಾರಹುಣ್ಣಿಮೆ. ಹಳ್ಳಿಗಳಲ್ಲಿ ಕರಿ ಹರಿಯುವ ಓಟಕ್ಕೆಂದು ಎತ್ತುಗಳ ಮೈ ತಿಕ್ಕುತ್ತಿದ್ದರು, ಕೊಂಬಿಗೆ ಬಣ್ಣ ಹುಡುಕುತ್ತಿದ್ದರು. ಬಿಳಿ ಎತ್ತು ಮೊದಲು ಹರಿದರೆ ಬಿಳಿ ಬೆಳೆ ಚಲೋ, ಕೆಂಪು ಎತ್ತು ಹರಿದರೆ ಕೆಂಪು ಬೆಳೆ. ಸೋತ ಎತ್ತಿನ ಒಡೆಯನೂ ಏನು ಬಿತ್ತಬೇಕೆಂದು ತಿಳಿದುಕೊಂಡು ಮನೆಗೆ ಹೋಗುವ ಆಟ ಇದೊಂದೇ. ಟೀವಿಯ ತಜ್ಞರ ಭವಿಷ್ಯವಾಣಿ ಕೇಳಿ ಯಾರೂ ಒಂದು ಹಿಡಿ ಜೋಳ ಬೆಳೆದದ್ದಿಲ್ಲ.

ರಾತ್ರಿಯ ಕಥೆಯೇ ಈ ಪ್ರಬಂಧದ ತಿರುಳು. ಗಂಡಸರ ಫೈನಲ್ಲಿನಲ್ಲಿ ಸ್ಪೇನಿನ ಅಲ್ಕರಾಜ್, ಇಟಲಿಯ ಸಿನ್ನರ್. ಪ್ರಸ್ತುತ ಲೇಖಕ ಸ್ಪೇನಿನ ಕಡೆ. ಕಾರಣ ಇಷ್ಟೇ: ಬಾಗಲಕೋಟೆಯ ನವನಗರದಲ್ಲಿರುವ ಷಡ್ಡಕ ಇಟಲಿಯ ಕಡೆ ಇದ್ದ. ಮೊದಲೆರಡು ಸೆಟ್ ಸಿನ್ನರನಿಗೆ ಹೋದವು. ಪ್ರತಿ ಸೆಟ್ಟಿಗೂ ಫೋನು ಬಂತು. ಮೂರನೆಯದು ಅಲ್ಕರಾಜನಿಗೆ ಬಂದಾಗ ಲೇಖಕ ತಾನೇ ಫೋನು ಮಾಡಿದ. ಷಡ್ಡಕ ಅಳುಕಲಿಲ್ಲ. “ಹಳೇ ಬಾಗಲಕೋಟೆ ಆಲಮಟ್ಟಿ ಹಿನ್ನೀರಿಗೆ ಬಿಟ್ಟು ಬಂದವರಪಾ ನಾವು. ಒಂದು ಸೆಟ್ ಹೋದರ ಏನ ಹೋತು?” ಎಂದ. ವಾದದಲ್ಲಿ ಇದಕ್ಕೆ ಖಂಡನೆ ಹೇಳುವುದು ಕಷ್ಟ.

ನಾಲ್ಕನೇ ಸೆಟ್. ಸಿನ್ನರ್ 5-3ರಿಂದ ಮುಂದೆ. ಅಲ್ಕರಾಜನ ಸರ್ವಿನಲ್ಲಿ 0-40. ಮೂರು ಚಾಂಪಿಯನ್‌ಷಿಪ್ ಪಾಯಿಂಟ್. ಆಗ ಹೊರಗೆ ಮಿರಗದ ಗಾಳಿ ಎದ್ದಿತು, ಕರೆಂಟ್ ಹೋಯಿತು, ಮೊಬೈಲಿನ ನೆಟ್‌ವರ್ಕೂ ಅದರ ಬೆನ್ನು ಹತ್ತಿತು. “ಚಲೋ ಆತು, ಮಲಕೋರಿ ಇನ್ನ,” ಎಂದು ಆಕ್ಷೇಪಕರು ಕತ್ತಲೆಯಲ್ಲಿ ಹೇಳಿದರು. ಬೆಳಕು ಬಂದಾಗ ನೋಡಿದರೆ ಆಟ ಮುಗಿದಿಲ್ಲ! ಮೂರು ಪಾಯಿಂಟ್‌ಗಳನ್ನೂ ಉಳಿಸಿಕೊಂಡ ಅಲ್ಕರಾಜ್ ಇನ್ನೂ ನಿಂತಿದ್ದ. ಆ ಸೆಟ್ಟನ್ನು ಟೈಬ್ರೇಕಿನಲ್ಲಿ ಗೆದ್ದ. ಐದನೆಯದರಲ್ಲೂ ಟೈಬ್ರೇಕು ಬಂದು ಅದನ್ನು 10-2ರಿಂದ ಗೆದ್ದ. ಒಟ್ಟು 5 ಗಂಟೆ 29 ನಿಮಿಷ, ಫ್ರೆಂಚ್ ಓಪನ್ನಿನ ಫೈನಲ್ಲುಗಳಲ್ಲಿ ಅತಿ ದೀರ್ಘವಾದದ್ದು. ಗೆದ್ದವನು ಅಲ್ಲೇ ಮಣ್ಣಿನ ಮೇಲೆ ಅಂಗಾತ ಬಿದ್ದ. ಕಾಕಾ ಅಷ್ಟೊತ್ತಿಗೆ ಮನೆಗೆ ಹೋಗಿದ್ದು ಒಳ್ಳೆಯದಾಯಿತು.

ಇದರಿಂದ ಹೊರಟ ಸಿದ್ಧಾಂತವನ್ನು ಓದುಗರು ಸಾವಧಾನವಾಗಿ ಕೇಳಬೇಕು. ‘ಅದೃಷ್ಟ’ ಎಂದರೆ ಕಾಣದ್ದು, ನೋಡದ್ದು ಎಂದು ವ್ಯುತ್ಪತ್ತಿ. ಮೀಮಾಂಸಕರು ಇದರ ಮೇಲೆ ಬಹಳ ತಲೆ ಕೆಡಿಸಿಕೊಂಡಿದ್ದಾರೆ; ಅವರ ಮನೆಯಲ್ಲಿ ಟೀವಿ ಇರಲಿಲ್ಲ. ಲೇಖಕ ನೋಡುತ್ತಿದ್ದಷ್ಟು ಹೊತ್ತು ಅಲ್ಕರಾಜ್ ಸೋಲುತ್ತಿದ್ದ. ನೋಡುವುದು ತಪ್ಪಿದ ಕ್ಷಣ ಗೆಲ್ಲತೊಡಗಿದ. ಆದ್ದರಿಂದ ಅಭಿಮಾನಿಯು ನೋಡದೆ ಇರುವುದೇ ತಂಡದ ಅದೃಷ್ಟ. ಭಾಷೆಯಲ್ಲೇ ಅಡಗಿದ್ದ ಈ ಸತ್ಯ ಇಷ್ಟು ಶತಮಾನ ಯಾರಿಗೂ ದಕ್ಕಲಿಲ್ಲ.

ಸಿದ್ಧಾಂತವನ್ನು ಪರೀಕ್ಷಿಸುವ ಅವಕಾಶ ಕೂಡಲೇ ಒದಗಿತು. ಹನ್ನೆರಡೂವರೆಗೆ ಮ್ಯೂನಿಕ್‌ನಲ್ಲಿ ನೇಷನ್ಸ್ ಲೀಗ್ ಫುಟ್‌ಬಾಲ್ ಫೈನಲ್: ಮತ್ತೆ ಸ್ಪೇನ್, ಎದುರಿಗೆ ಪೋರ್ಚುಗಲ್. ಷಡ್ಡಕ ಅಷ್ಟೊತ್ತಿಗೆ ಪೋರ್ಚುಗಲ್ ಪಾಲಾಗಿದ್ದ. ಸ್ಪೇನ್ ಎರಡು ಸಲ ಮುಂದೆ ಹೋಯಿತು, ಎರಡು ಸಲವೂ ಪೋರ್ಚುಗಲ್ ಸಮ ಮಾಡಿತು. ಎರಡನೇ ಸಲ ಮಾಡಿದವನು 40 ವರ್ಷದ ರೊನಾಲ್ಡೊ. ಹೆಚ್ಚುವರಿ ಅರ್ಧ ತಾಸಿನಲ್ಲೂ ತೀರ್ಮಾನವಾಗದೆ 2-2ಕ್ಕೆ ನಿಂತು ಪೆನಾಲ್ಟಿ ಶುರುವಾದಾಗ ಲೇಖಕ, ಸ್ಪೇನಿನ ಹಿತದೃಷ್ಟಿಯಿಂದ, ವಿಧಿಪೂರ್ವಕವಾಗಿ ಕಣ್ಣು ಮುಚ್ಚಿದ. ತೆರೆದಾಗ ಹಾಲಿನವನ ಸೈಕಲ್ ಗಂಟೆ ಕೇಳುತ್ತಿತ್ತು. ಪೆನಾಲ್ಟಿಯಲ್ಲಿ ಪೋರ್ಚುಗಲ್ 5-3ರಿಂದ ಗೆದ್ದಿತ್ತು. ಮೊಬೈಲಿನಲ್ಲಿ ಷಡ್ಡಕನ 7 ಮಿಸ್ಡ್ ಕಾಲ್ ಇದ್ದವು. ಪ್ರಯೋಗದಲ್ಲಿ ದೋಷವಿತ್ತು ಎಂಬುದನ್ನು ಲೇಖಕ ಒಪ್ಪುತ್ತಾನೆ: ಕಣ್ಣು ಮುಚ್ಚುವುದು ಬೇರೆ, ನಿದ್ದೆ ಹೋಗುವುದು ಬೇರೆ.

ಸೋಮವಾರ ಬೆಳಿಗ್ಗೆ ಕಾಕಾ ಕಟ್ಟೆಯ ಮೇಲೆ ಕೂತು, “ಯಾರ ಗೆದ್ದರೋ?” ಎಂದರು.

“ಸ್ಪೇನಿನ ಹುಡುಗ, ಕಾಕಾ.”

“ಬೆನ್ನ ಹಚ್ಚಿದನೇನು?”

ಸುಳ್ಳು ಹೇಳಲು ಬರಲಿಲ್ಲ. “ಹಚ್ಚಿದನ್ರಿ.”

“ಹಂಗಾರ ಇಟಲಿಯಂವಗ ಕೊಡ್ರಿ ಬೆಳ್ಳಿ ಕಡಗ,” ಎಂದು ಕಾಕಾ ಎದ್ದು ಹೋದರು.

ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಜೂನ್ 8ರ ಮನೆಯಲ್ಲಿ ಲೇಖಕನ ಕೈಬರಹ ಈಗಲೂ ಇದೆ: ‘ಸ್ಪೇನ್‌ಗೆ ಜಯ.’ ಫುಟ್‌ಬಾಲಿನದನ್ನು ಬರೆಯಲು ಜಾಗ ಸಾಲಲಿಲ್ಲ. ಕೆಳಗೆ ಹಾಲಿನ ಲೆಕ್ಕ ಇತ್ತು.