ತಲೆ ಎಣಿಸುವ ಮಾಸ್ತರು

ವಡೋದರಾದಿಂದ ಬಸ್ಸಿನಲ್ಲಿ ಒಂದು ತಾಸು. ಊರಿನ ಹೆಸರು ಬೇಡ, ಮಾಸ್ತರಿಗೆ ಇನ್ನೂ ಸರ್ವಿಸ್ ಬಾಕಿ ಇದೆ. ಬ್ಯಾಂಕಿನ ವರ್ಗಾವಣೆ ನನ್ನನ್ನು ಧಾರವಾಡದಿಂದ ಎತ್ತಿ ಅಲ್ಲಿಗೆ ಒಗೆದಿತ್ತು. ನಮ್ಮ ಬೀದಿಯಲ್ಲಿ ಯಾರ ಮನೆ ಮದುವೆಯಾದರೂ ಸರಕಾರಿ ಶಾಲೆಯ ಹೆಡ್‌ಮಾಸ್ತರು ಎಲ್ಲರಿಗಿಂತ ಮೊದಲು ಹಾಜರು. ಊಟದ ಆಸೆಗಲ್ಲ. ಜೋಡಿಗೆ ಆಶೀರ್ವಾದ ಮಾಡಿ ಕೆಳಗಿಳಿಯುವಾಗ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದರು. “ಒಂದು ವರ್ಷ ಬಿಡಿ, ಮೇಲೆ ಆರು... ಏಳಕ್ಕೆ ಒಂದು ದಾಖಲಾತಿ ಪಕ್ಕಾ, ಭಟ್‌ಭಾಯಿ!”

ಅವರ ಜನ್ಮವೈರಿ ಬೆಳಿಗ್ಗೆ ಏಳಕ್ಕೆ ಬರುವ ಇಂಗ್ಲಿಷ್ ಮೀಡಿಯಂನ ಹಳದಿ ವ್ಯಾನು. ಅವರ ಮೊಮ್ಮಗನೂ ಅದರಲ್ಲೇ ಹೋಗುತ್ತಿದ್ದ. ಕೇಳಿದರೆ, “ಅದು ಸೊಸೆಯ ಇಲಾಖೆ” ಎಂದು ಚಹಾವನ್ನು ರಕಾಬಿಗೆ ಬಗ್ಗಿಸಿ ಸೊರ್ ಎಂದು ಹೀರುತ್ತಿದ್ದರು. ಆರ್‌ಟಿಇ ಅಡಿಯಲ್ಲಿ ಖಾಸಗಿ ಶಾಲೆಯ 25 ಪ್ರತಿಶತ ಸೀಟು ಬಡಮಕ್ಕಳಿಗೆ ಪುಕ್ಕಟೆ ಎಂಬ ವಿಷಯ ಬಂದರೆ ಮಾತ್ರ ಚಹಾ ಗಂಟಲಲ್ಲೇ ನಿಲ್ಲುತ್ತಿತ್ತು. “ಅಂಗಡಿ ಮಾಲೀಕನೇ ಗಿರಾಕಿಗೆ ಎದುರಂಗಡಿ ತೋರಿಸಿದ ಹಾಗೆ!”

ಸೂರತ್ ಎಂದರಂತೂ ಹೊಟ್ಟೆಕಿಚ್ಚು. ಅಲ್ಲಿ ಪಾಲಿಕೆಯ ಶಾಲೆಗಳು ಗುಜರಾತಿಯಲ್ಲಷ್ಟೇ ಅಲ್ಲ, ಮರಾಠಿ, ಉರ್ದು, ಒಡಿಯಾ, ತೆಲುಗಿನಲ್ಲೂ ನಡೆಯುತ್ತವೆ. ಮಗ್ಗದ ಕೆಲಸಕ್ಕೆ ಬಂದವರು ಮಕ್ಕಳನ್ನೂ ಕರೆತಂದಿದ್ದಾರಲ್ಲ. “ನಿಮ್ಮ ಕಡೆಯಿಂದ ಒಂದು ಮೂವತ್ತು ಮನೆ ಕರೆಸಿ, ಭಟ್‌ಭಾಯಿ. ನಾಳೆಯೇ ಕನ್ನಡ ಮಾಧ್ಯಮ ತೆಗೀತೀನಿ.”

ಅವರ ಖೋಲಿಯಲ್ಲಿ ಸಯಾಜಿರಾವ್ ಗಾಯಕ್ವಾಡರ ಪಟ ತೂಗುತ್ತಿತ್ತು. 1893ರಲ್ಲಿ ಅಮ್ರೇಲಿಯಲ್ಲಿ ಶುರುಮಾಡಿ, 1906ರಲ್ಲಿ ಇಡೀ ಬರೋಡಾ ಸಂಸ್ಥಾನಕ್ಕೆ ಶಿಕ್ಷಣ ಕಡ್ಡಾಯ ಮಾಡಿದ ಮಹಾರಾಜರು. “ಮಕ್ಕಳನ್ನು ಕಳಿಸದಿದ್ದರೆ ಅವರು ದಂಡ ಹಾಕ್ತಿದ್ದರು. ನಾವು ಬ್ಯಾಗು ಕೊಟ್ಟು ಕಾಲು ಹಿಡೀತೀವಿ.”

ಆ ಕಾಲು ಹಿಡಿಯುವ ಹಬ್ಬದ ಹೆಸರು ಶಾಲಾ ಪ್ರವೇಶೋತ್ಸವ. 2003ರಿಂದ ಜೂನ್‌ನಲ್ಲಿ ಮಂತ್ರಿಗಳು, ಐಎಎಸ್‌ನವರು ಊರೂರಿಗೆ ಬಂದು ಮಕ್ಕಳನ್ನು ಶಾಲೆಗೆ ಸೇರಿಸುತ್ತಾರೆ. ನಾನು ಕಂಡ ವರ್ಷ ಮಾಸ್ತರ ಪಟ್ಟಿಯಲ್ಲಿ ಹದಿನಾಲ್ಕು ಹೆಸರು, ಶಾಮಿಯಾನದಡಿ ಹನ್ನೊಂದು ತಲೆ. ಉಳಿದ ಮೂವರು ದಾಹೋದ್ ಕಡೆಯ ಕೂಲಿಯವರ ಮಕ್ಕಳು, ಮಳೆ ಬಿದ್ದ ಸುದ್ದಿ ಬಂದದ್ದೇ ಅಪ್ಪ ಅಮ್ಮನ ಜೊತೆ ಬಿತ್ತನೆಗೆ ಊರಿಗೆ ಹೋಗಿಬಿಟ್ಟಿದ್ದರು. ಮಾಸ್ತರು ಹನ್ನೊಂದು ಮಕ್ಕಳನ್ನು ಎರಡು ಸಾಲು ಮಾಡಿದರು, ಮೂರು ಸಾಲು ಮಾಡಿದರು, ವೃತ್ತವನ್ನೂ ಮಾಡಿ ನೋಡಿದರು. ಹನ್ನೊಂದು ಹನ್ನೊಂದೇ. ಕೊನೆಯವಳೊಬ್ಬಳು ಹಣೆಯ ಕುಂಕುಮವನ್ನು ಬೆರಳಿಂದ ಒರೆಸಿ ಹೊಸ ಬ್ಯಾಗಿನ ಮೇಲೆ ಬೊಟ್ಟಿಡುತ್ತಾ ಕೂತಿದ್ದಳು. ಸಾಹೇಬರು ಫೋಟೋಕ್ಕೆ ಎತ್ತಿಕೊಂಡಾಗ ಅವರ ಬಿಳಿ ಅಂಗಿಗೂ ಒಂದು ಬಿತ್ತು.

ಮಕ್ಕಳು ಬಂದರೆ ಸಾಕೇ, ಕಲಿತದ್ದೂ ಕಾಣಬೇಕು. ಅದಕ್ಕೆ 2009ರಿಂದ ಗುಣೋತ್ಸವ, ಶಾಲೆಗೆ ಗ್ರೇಡು. ಅದರ ಹಿಂದಿನ ವಾರ ಮಾಸ್ತರ ಬಿಪಿಗೂ ಗ್ರೇಡು ಕೊಡಬಹುದಿತ್ತು. ಈಗ ಹಾಜರಿ ಆನ್‌ಲೈನ್. ಗಾಂಧಿನಗರದ ವಿದ್ಯಾ ಸಮೀಕ್ಷಾ ಕೇಂದ್ರದ ದೊಡ್ಡ ಪರದೆಗೆ ಅಂಕಿ ಹೋಗುತ್ತದೆಂದು ಅವರು ತಲೆ ಬಾಚಿಕೊಂಡೇ ಗುಂಡಿ ಒತ್ತುತ್ತಿದ್ದರು. ಅಲ್ಲಿಂದ ತಮ್ಮ ಮುಖವೂ ಕಾಣುತ್ತದೆಂಬ ಅನುಮಾನ.

2023ರಲ್ಲಿ ಹೊಸ ನಿಯಮ ಬಂತು: ಒಂದನೇ ತರಗತಿಗೆ ಜೂನ್ 1ಕ್ಕೆ ಆರು ತುಂಬಿರಬೇಕು. ನಮ್ಮ ಕಡೆಯ ಹಳೇ ಹೆಡ್‌ಮಾಸ್ತರುಗಳು ತಲೆಯ ಮೇಲಿಂದ ಕಿವಿ ಮುಟ್ಟಿಸಿ, ಊರಿನ ಅರ್ಧ ಮಕ್ಕಳಿಗೆ ಜೂನ್ 1ನ್ನೇ ಹುಟ್ಟುದಿನ ಮಾಡಿಟ್ಟದ್ದು ಎಂಥ ದೂರದೃಷ್ಟಿ! ನಮ್ಮ ಮಗಳು ಹುಟ್ಟಿದ್ದು ಜೂನ್ 2ಕ್ಕೆ. ನೋಡಲು ಬಂದ ಮಾಸ್ತರು ನೂರಾ ಒಂದು ರೂಪಾಯಿಯ ಲಕೋಟೆ ಕೊಟ್ಟು, ಡೈರಿ ತೆಗೆದು, ತಾರೀಕು ಕೇಳಿ ಪೆನ್ನು ಕೆಳಗಿಟ್ಟರು. “ಒಂದೇ ದಿನ! ಡಾಕ್ಟರಿಗೆ ಒಂದು ಮಾತು ಹೇಳಬಾರದಿತ್ತಾ, ಭಟ್‌ಭಾಯಿ? ಒಂದು ವರ್ಷ ಹೋಯ್ತು.”

ಮರುವರ್ಷ ನನಗೆ ಹುಬ್ಬಳ್ಳಿಗೆ ವರ್ಗವಾಯಿತು. ಲಾರಿಗೆ ಸಾಮಾನು ಏರಿಸುವಾಗ ಮಾಸ್ತರು ಬಂದರು. ಮಗಳ ತಲೆ ಸವರಿದರು, ಕಣ್ಣೂ ಒದ್ದೆಯಾಯಿತು. ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು.

“ಈ ಮನೆಗೆ ಬರೋರಿಗೆ ಎಷ್ಟು ಮಕ್ಕಳಂತೆ?”