ಮಲಗಿ ಗಾಳಿ ಅಳೆಯುವವರು

ಹಾಯಿದೋಣಿ ಇಟ್ಟುಕೊಂಡವರಲ್ಲಿ ಹಲವು ಜಾತಿ. ದೋಣಿ ಓಡಿಸುವವರು ಒಂದಷ್ಟು ಜನ, ಬರೀ ತೊಳೆಯುವವರು ಇನ್ನಷ್ಟು ಜನ, ಕೊಂಡ ದಿನದಿಂದಲೂ ಮಾರುವ ಮಾತನ್ನೇ ಆಡುತ್ತಿರುವವರು ಮತ್ತಷ್ಟು. ಇವರು ಯಾರೂ ಅಪಾಯದವರಲ್ಲ. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಯಾವ ಮರೀನಾಕ್ಕೆ ಹೋದರೂ ತಪ್ಪದೆ ಸಿಗುವ ಇನ್ನೊಬ್ಬರಿದ್ದಾರೆ, ಅವರ ವಿಷಯದಲ್ಲಿ ಮಾತ್ರ ಸ್ವಲ್ಪ ಹುಷಾರಾಗಿರಬೇಕು. ರಾತ್ರಿ ಒಂದೂವರೆಗೆ ಪೈಜಾಮದ ಮೇಲೆ ಮಳೆಕೋಟು ತೊಟ್ಟು, ಹಣೆಗೆ ಟಾರ್ಚು ಬಿಗಿದು, ಜೇಬಿನಿಂದ ನಾಲ್ಕಾರು ಎಲಾಸ್ಟಿಕ್ ಹಗ್ಗ ಜೋತಾಡಿಸಿಕೊಂಡು, ಪಾಂಟೂನ್ ಎಂಬ ತೇಲುಕಟ್ಟೆಯ ಮೇಲೆ ಕತ್ತು ಓರೆ ಮಾಡಿ ನಿಂತಿರುತ್ತಾರೆ. ಕಳ್ಳರಲ್ಲ. ಸದ್ದು ಹಿಡಿಯಲು ಬಂದವರು.

ನನಗೆ ಪರಿಚಯವಿರುವ ಇಂಥವರೊಬ್ಬರು ಸೌತಾಂಪ್ಟನ್ನಿನ ಹತ್ತಿರ ಹ್ಯಾಂಬಲ್ ನದಿಯಲ್ಲಿ ದೋಣಿ ಕಟ್ಟಿದ್ದಾರೆ. ನಿವೃತ್ತ ಇಂಜಿನಿಯರು. ಒಂದು ಕಾಲಕ್ಕೆ ಆಫೀಸಿನಲ್ಲಿ ನನ್ನ ಮೇಲಿನವರು. ನಮ್ಮ ಮನೆಯಲ್ಲಿ ಅವರಿಗೆ ನಿಶ್ಶಬ್ದರಾಯರು ಎಂದು ಹೆಸರು. ಅವರಿಗೆ ಇದು ಗೊತ್ತಿಲ್ಲ. ಗೊತ್ತಾದರೂ ನಾಲಿಗೆ ಹೊರಳಲಿಕ್ಕಿಲ್ಲ.

ಆ ನದಿ ಹಾಯಿದೋಣಿಯವರ ಪಾಲಿಗೆ ಪುಣ್ಯಕ್ಷೇತ್ರ. ಬಾಯಿ ತೆರೆದರೆ ಸೋಲೆಂಟ್ ಜಲಸಂಧಿ, ಅದರಾಚೆ ವೈಟ್ ದ್ವೀಪ. ಅಲ್ಲಿನ ಕೌಸ್‌ನಲ್ಲಿ ಹಾಯಿದೋಣಿ ಪಂದ್ಯಗಳ ಸಂಪ್ರದಾಯ 1826ರಷ್ಟು ಹಳೆಯದು. ನದಿಯ ಮೇಲ್ಭಾಗದ ಕೆಸರಿನಲ್ಲಿ ಐದನೆಯ ಹೆನ್ರಿ ಕಟ್ಟಿಸಿದ ‘ಗ್ರೇಸ್ ಡ್ಯೂ’ ಎಂಬ ಭಾರೀ ಯುದ್ಧನೌಕೆಯ ಅವಶೇಷ ಹೂತಿದೆ. 1439ರಲ್ಲಿ ಸಿಡಿಲು ಬಡಿದು ಸುಟ್ಟುಹೋಯಿತಂತೆ. ಈ ಕತೆ ಕೇಳಿದವರು ಸಾಮಾನ್ಯವಾಗಿ ‘ಅಯ್ಯೋ ಪಾಪ’ ಎನ್ನುತ್ತಾರೆ. ರಾಯರು ಹೇಳಿದ್ದು ಇಷ್ಟು: “ಮರದ ಕಂಬ. ಒಳಗೆ ಒಂದು ತಂತಿ ಇರಲಿಲ್ಲ. ಸಿಡಿಲು ಬಡಿಯುವ ತನಕ ಎಲ್ಲರೂ ಹಾಯಾಗಿ ನಿದ್ದೆ ಮಾಡಿರುತ್ತಾರೆ.”

ಅವರ ಸಂಕಟ ಅರ್ಥವಾಗಬೇಕಾದರೆ ಕಂಬದ ಒಳಗೆ ಇಣುಕಬೇಕು. ಈಗಿನ ಹಾಯಿದೋಣಿಗಳ ಕಂಬ ಹೆಚ್ಚಾಗಿ ಅಲ್ಯೂಮಿನಿಯಮ್ಮಿನದು. ರಾಯರದ್ದು ನಾಲ್ಕು ಮಹಡಿಯ ಮನೆಯಷ್ಟು ಎತ್ತರದ ಟೊಳ್ಳು ಕೊಳವೆ. ಹಾಯಿಯನ್ನು ಮೇಲಕ್ಕೆಳೆಯುವ ಹ್ಯಾಲ್ಯಾರ್ಡ್ ಎಂಬ ಹಗ್ಗಗಳು ಈ ಕೊಳವೆಯೊಳಗೇ ಇಳಿದುಬರುತ್ತವೆ. ಜೊತೆಗೆ ತುದಿಯ ದೀಪಕ್ಕೊಂದು ತಂತಿ, ರೇಡಿಯೋ ಆಂಟೆನಾಕ್ಕೊಂದು ಕೇಬಲ್ಲು, ಗಾಳಿಯ ವೇಗ ತೋರಿಸುವ ಬಟ್ಟಲುಗಳಿಗೆ ಇನ್ನೊಂದು. ಈ ತಂತಿಗಳಿಗೆ ಮೇಲೊಂದು ಕಟ್ಟು, ಕೆಳಗೊಂದು ಕಟ್ಟು. ನಡುವೆ ಇರುವುದೆಲ್ಲ ಜೋತಾಟ. ದೋಣಿ ಎಡಕ್ಕೆ ವಾಲಿದರೆ ಎಡಗೋಡೆಗೆ ಟಕ್, ಬಲಕ್ಕೆ ವಾಲಿದರೆ ಬಲಗೋಡೆಗೆ ಟಕ್. ಇಷ್ಟಕ್ಕೇ ಮುಗಿದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ರಾಯರ ದೋಣಿಯಲ್ಲಿ ಕಂಬದ ಬುಡ ಡೆಕ್ಕನ್ನು ತೂರಿಕೊಂಡು, ಕ್ಯಾಬಿನ್ನಿನ ಊಟದ ಮೇಜಿಗೆ ಒರಗಿಕೊಂಡೇ ಹಾದು, ದೋಣಿಯ ತಳದ ಮೇಲೆ ಕೂತಿದೆ. ತಂಬೂರಿಯ ಬುರುಡೆಯೊಳಗೆ ಹಾಸಿಗೆ ಬಿಡಿಸಿಕೊಂಡು ಮಲಗಿದ ಹಾಗೆ. ಮೇಲೆ ದಂಡಿಯನ್ನು ಯಾರೋ ಬೆರಳಿನಿಂದ ಕುಟ್ಟುತ್ತಲೇ ಇರುತ್ತಾರೆ.

ಒಂದೇ ಲಯದಲ್ಲಿ ಕುಟ್ಟಿದರೆ ಮನುಷ್ಯನಿಗೆ ನಿದ್ದೆ ಬಂದೀತು. ಈ ತಂತಿಗಳಿಗೆ ಲಯದ ಗೌರವವಿಲ್ಲ. ಹತ್ತು ಹನ್ನೆರಡು ಸಲ ಸರಿಯಾಗಿ ಬಡಿದು ಆಮೇಲಿನದನ್ನು ನುಂಗಿಬಿಡುತ್ತವೆ. ಆ ನುಂಗಿದ ಏಟಿಗೆ ಕಿವಿಗೊಟ್ಟು ಕಾಯುತ್ತ ರಾಯರು ಬೆಳಗು ಮಾಡುತ್ತಾರೆ.

1805ರಲ್ಲಿ ಬ್ರಿಟಿಷ್ ನೌಕಾಪಡೆಯ ಫ್ರಾನ್ಸಿಸ್ ಬ್ಯೂಫೋರ್ಟ್ ಗಾಳಿಯ ಬಲಕ್ಕೆ ಸೊನ್ನೆಯಿಂದ ಹನ್ನೆರಡರವರೆಗೆ ಅಂಕ ಕೊಟ್ಟ. ಎಷ್ಟು ಗಾಳಿಗೆ ಯುದ್ಧನೌಕೆ ಎಷ್ಟು ಹಾಯಿ ಬಿಡಬಹುದು ಎಂಬುದೇ ಅವನ ಅಳತೆಗೋಲು. ಪಾಪ, ಅದಕ್ಕಾಗಿ ಅವನು ಡೆಕ್ಕಿನ ಮೇಲೆ ನಿಲ್ಲಬೇಕಾಗಿತ್ತು. ರಾಯರು ಕಂಬಳಿಯೊಳಗಿಂದಲೇ ಅಂಕ ಕೊಡುತ್ತಾರೆ. ಸೊನ್ನೆ ಎಂದರೆ ಗಾಳಿ ಸತ್ತಿದೆ, ನೀರು ಮಾತ್ರ ತೂಗುತ್ತಿದೆ. ಒಳಗಿನ ತಂತಿ ಟಕ್ ಟಕ್. ಎರಡಕ್ಕೆ ಬಾವುಟದ ಸಣ್ಣ ದಾರ ಪಿಟಿಪಿಟಿ ಎನ್ನುತ್ತದೆ. ನಾಲ್ಕಕ್ಕೆ ದೊಡ್ಡ ಹಾಯಿಯ ಹಗ್ಗ ಎದ್ದು ಕಂಬಕ್ಕೆ ಟಣ್ ಟಣ್. ಐದಕ್ಕೆ ಪಕ್ಕದವರ ಹಗ್ಗ. ಆರಕ್ಕೆ ಇಡೀ ಮರೀನಾ. ಏಳು ದಾಟಿತೋ, ದೋಣಿ ಕಟ್ಟಿದ ಹಗ್ಗಗಳೇ ನರಳಲು ಶುರುಮಾಡಿ, ಕಂಬವನ್ನು ಹೊರಗಿನಿಂದ ಹಿಡಿದು ನಿಲ್ಲಿಸುವ ಬಿಗಿತಂತಿಗಳಲ್ಲಿ ಗಾಳಿ ಊಳಿಟ್ಟು, ಯಾವ ಸದ್ದು ಯಾರದೆಂದು ಹೇಳುವಂತಿಲ್ಲ. ಆವತ್ತು ರಾಯರಿಗೆ ಒಳ್ಳೆಯ ನಿದ್ದೆ. ತಪ್ಪಿತಸ್ಥರನ್ನು ಹೆಸರಿಸಲು ಸಾಧ್ಯವಿಲ್ಲದ ಗಲಾಟೆ ಅವರನ್ನು ಎಬ್ಬಿಸುವುದಿಲ್ಲ.

ಐದರ ರಾತ್ರಿಗಳಲ್ಲೇ ಅವರ ಗಸ್ತು. ಯಾರದೋ ದೋಣಿಯ ಹಗ್ಗ ಬಡಿಯುತ್ತಿದೆ, ಮಾಲೀಕ ಲಂಡನ್ನಿನ ಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದಾನೆ. ಕೇಳದೆ ಇನ್ನೊಬ್ಬರ ದೋಣಿ ಹತ್ತುವುದು ಇಂಗ್ಲೆಂಡಿನಲ್ಲಿ ಇನ್ನೊಬ್ಬರ ಅಡುಗೆಮನೆಗೆ ನುಗ್ಗಿದಷ್ಟೇ ಅನಾಚಾರ. ರಾಯರು ಕಟ್ಟಾ ಇಂಗ್ಲಿಷ್ ಮನುಷ್ಯರು, ಆದ್ದರಿಂದ ಹತ್ತುವ ಮುಂಚೆ ಮೆಲ್ಲಗೆ ‘ಕ್ಷಮಿಸಿ’ ಎನ್ನುತ್ತಾರೆ. ಖಾಲಿ ದೋಣಿಗೆ. ಆಮೇಲೆ ಹತ್ತಿ, ಬಡಿಯುವ ಹಗ್ಗವನ್ನು ಕಂಬದಿಂದ ದೂರಕ್ಕೆಳೆದು, ಪಕ್ಕದ ಬಿಗಿತಂತಿಗೆ ಎಲಾಸ್ಟಿಕ್ಕಿನಿಂದ ಬಿಗಿದು, ಒಂದು ಚೀಟಿ ಸಿಕ್ಕಿಸಿ ಇಳಿಯುತ್ತಾರೆ. ಚೀಟಿಯ ಒಕ್ಕಣೆ ಒಂದು ತೂಕ ಹೆಚ್ಚಿಲ್ಲ, ಕಡಿಮೆಯಿಲ್ಲ: ‘ತಮ್ಮ ಹಗ್ಗ ಸ್ವಲ್ಪ ಸಡಿಲವಾಗಿದ್ದಂತೆ ತೋರಿತು. ಬಿಗಿಯುವ ಸ್ವಾತಂತ್ರ್ಯ ವಹಿಸಿದ್ದೇನೆ. ಎಲಾಸ್ಟಿಕ್ ಹಿಂತಿರುಗಿಸುವ ಅಗತ್ಯವಿಲ್ಲ.’ ಇದರ ಅರ್ಥ ‘ನಿನ್ನ ಮನೆ ಹಾಳಾಗ’ ಎಂದು ಆ ಊರಿನವರಿಗೆಲ್ಲ ಗೊತ್ತು.

ಹೊರಗಿನ ಹಗ್ಗಕ್ಕೆ ಎಲಾಸ್ಟಿಕ್ ಸಾಕು. ಕಂಬದೊಳಗಿನದು ದೇಹದೊಳಗಿನ ರೋಗ, ಹೊರಗಿನ ಪಟ್ಟಿಗೆ ಬಗ್ಗದು. ಅದಕ್ಕೆ ಚಳಿಗಾಲ ಬರಬೇಕು. ಎಲ್ಲರೂ ಬೇಸಿಗೆಗಾಗಿ ದೋಣಿ ಇಟ್ಟುಕೊಂಡಿದ್ದರೆ ರಾಯರು ಇಟ್ಟುಕೊಂಡಿರುವುದು ನವೆಂಬರಿಗಾಗಿ. ಕ್ರೇನು ಬಂದು ಕಂಬವನ್ನು ಕಿತ್ತು, ಯಾರ್ಡಿನಲ್ಲಿ ಮರದ ಅಡ್ಡೆಗಳ ಮೇಲೆ ಮಲಗಿಸಿದ ಗಳಿಗೆಯಿಂದ ಅವರ ಮುಖಕ್ಕೆ ಕಳೆ. ಒಂದು ತುದಿಯಲ್ಲಿ ಟಾರ್ಚು ಬಿಟ್ಟು ಇನ್ನೊಂದು ತುದಿಗೆ ಓಡಿ ಇಣುಕುತ್ತಾರೆ. ಯಾರಾದರೂ ಆ ಕಡೆ ಹಾದರೆ ಅವರೂ ಇಣುಕಲೇಬೇಕು. ನಾನು ಇಣುಕಿದ್ದೇನೆ. ಒಳಗೆ ಕತ್ತಲೆಯಿದೆ.

ಈ ರೋಗದ ಚಿಕಿತ್ಸೆಯಲ್ಲಿ ಪಂಥಗಳಿವೆ, ಪಂಥಗಳ ನಡುವೆ ಮಾತಿಲ್ಲ. ಒಂದು ಸ್ಪಂಜಿನ ಪಂಥ: ತಂತಿಯ ಕಟ್ಟಿಗೆ ಅಲ್ಲಲ್ಲಿ ಫೋಮಿನ ಬಿಲ್ಲೆ ಪೋಣಿಸಿ ಒಳಗೆ ತುರುಕುವವರು. ಮೊದಲು ಸುಖವೋ ಸುಖ. ನಾಲ್ಕಾರು ಮಳೆಗಾಲ ಕಳೆದ ಮೇಲೆ ಫೋಮು ಪುಡಿಯಾಗಿ ಉದುರಿ, ಬುಡದಲ್ಲಿ ನೀರು ಹೋಗುವ ತೂತಿಗೆ ಬೆಣೆಯಾಗುತ್ತದೆ. ಇನ್ನೊಂದು ಪೈಪಿನ ಪಂಥ: ಕಂಬದ ಒಳಗೋಡೆಗೆ ಪಿವಿಸಿ ಪೈಪು ಕೂರಿಸಿ, ಹೊರಗಿನಿಂದ ರಿವೆಟ್ ಹೊಡೆದು, ತಂತಿಗಳನ್ನೆಲ್ಲ ಅದರಲ್ಲಿ ಹಾಯಿಸುವವರು. ಕೆಲಸ ಗಟ್ಟಿ, ಆದರೆ ಅಲ್ಯೂಮಿನಿಯಮ್ಮಿಗೆ ಹೊಂದದ ಲೋಹದ ರಿವೆಟ್ ಹೊಡೆದರೆ ಉಪ್ಪುಗಾಳಿಗೆ ಅದರ ಸುತ್ತಲೇ ಕಂಬ ತಿಂದುಹೋಗುತ್ತದೆ. ‘ಕಂಬಕ್ಕೆ ತೂತು ಕೊರೆಯುವವನು ನಾಳೆ ಏನು ಬೇಕಾದರೂ ಮಾಡಿಯಾನು’ ಎಂದು ರಾಯರು ಇವರನ್ನು ನಂಬುವುದಿಲ್ಲ. ಮೂರನೆಯವರು ಪಾಷಂಡಿಗಳು. ಬಾಗಿಲ ಚೌಕಟ್ಟಿನ ಸಂದಿಗೆ ಹೊಡೆಯುವ, ಉಬ್ಬಿ ಗಟ್ಟಿಯಾಗುವ ಫೋಮಿನ ಡಬ್ಬಿಯನ್ನು ಕಂಬದೊಳಗೇ ಚುಚ್ಚಿದವರು. ಅಂಥ ಒಬ್ಬನಿದ್ದ. ತಂತಿಯ ಸದ್ದು ಅಡಗಿತು, ನಿಜ. ಹಾಯಿಯ ಹಗ್ಗಗಳೂ ಅಡಗಿದವು. ಎಳೆದರೆ ಮೇಲಕ್ಕಿಲ್ಲ, ಬಿಟ್ಟರೆ ಕೆಳಕ್ಕಿಲ್ಲ. ಆ ಯಾರ್ಡಿನಲ್ಲಿ ಅವನ ಸುದ್ದಿ ತೆಗೆದರೆ ಈಗಲೂ ದನಿ ತಗ್ಗಿಸುತ್ತಾರೆ.

ರಾಯರದ್ದು ಕೇಬಲ್ ಟೈ ಪಂಥ. ಬಡವರ ಪಂಥ, ನನಗೂ ಇದೇ ಸರಿ ಎನ್ನಿಸಿದೆ. ತಂತಿಗಳಿಗೊಂದು ತೆಳು ದಾರ ಕಟ್ಟಿ, ಆ ದಾರವನ್ನು ಕಂಬದಲ್ಲೇ ಬಿಟ್ಟು, ತಂತಿಗಳನ್ನು ಹೊರಗೆಳೆಯಬೇಕು. ಅರ್ಧ ಮೀಟರಿಗೊಂದು ಕಡೆ ಮೂರು ಪ್ಲಾಸ್ಟಿಕ್ ಟೈ, ಮೂರರ ಬಾಲವೂ ಮೂರು ದಿಕ್ಕಿಗೆ ಚಾಚುವ ಹಾಗೆ. ಬಾಲ ಕತ್ತರಿಸಬಾರದು; ಇಡೀ ಗುಟ್ಟು ಅದರಲ್ಲಿದೆ. ದಾರ ಎಳೆದು ತಂತಿಗಳನ್ನು ಮತ್ತೆ ಒಳಗೆ ಸೇರಿಸಿದಾಗ ಬಾಲಗಳು ಬಾಗಿ, ಸುತ್ತ ಗೋಡೆಯನ್ನು ಒತ್ತಿ ಹಿಡಿದು, ತಂತಿಯನ್ನು ನಟ್ಟನಡುವೆ ನಿಲ್ಲಿಸುತ್ತವೆ. ಬಡಿಯಲು ಅದಕ್ಕೆ ಗೋಡೆಯೇ ಸಿಗುವುದಿಲ್ಲ. ಮೂರು ಬಾಲಗಳ ನಡುವೆ ತಲಾ 120 ಡಿಗ್ರಿ ಇರಬೇಕೆಂದು ರಾಯರು ಶಾಲೆ ಮಕ್ಕಳ ಕೋನಮಾಪಕ ಹಿಡಿದು ನೋಡಿದರು. ನಾನು ಕಟ್ಟಿದ್ದೊಂದು 115 ಬಂತು. ಏನೂ ಹೇಳಲಿಲ್ಲ, ಕತ್ತರಿ ತಂದು ಕತ್ತರಿಸಿ ಹೊಸದು ಕೊಟ್ಟರು.

ಹಗ್ಗಗಳಿಗೆ ಮಾತ್ರ ಈ ಮದ್ದಿಲ್ಲ. ಅವು ಓಡಾಡಬೇಕಾದ ಹಗ್ಗಗಳು, ಟೈಯ ಬಾಲ ಕಟ್ಟಿದರೆ ಹಾಯಿ ಏರುವುದಿಲ್ಲ. ದೋಣಿ ಕಟ್ಟಿದಾಗ ಅವುಗಳ ಹೊರತುದಿಯನ್ನು ಕಂಬದಿಂದ ದೂರ, ಅಂಚಿನ ಕಂಬಿಗೆ ಸಿಕ್ಕಿಸಿ ಬಿಗಿ ಮಾಡಬೇಕು, ಅಷ್ಟೇ. ಇಷ್ಟು ಸುಲಭದ ಪರಿಹಾರ ರಾಯರಿಗೆ ಸ್ವಲ್ಪ ಬೇಸರ ತರಿಸಿದಂತೆ ಕಾಣುತ್ತದೆ.

ವಸಂತದಲ್ಲಿ ಕಂಬ ನಿಂತಿತು. ಪರೀಕ್ಷೆಗೆ ಕಿವಿಯೊಂದು ಬೇಕಾಗಿತ್ತು. ರಜೆಗೆ ಬಂದಿದ್ದ ನನ್ನ ಅಕ್ಕನ ಮಗನನ್ನು ಕರೆದೊಯ್ದೆ. ರಾಯರಿಗೆ ಖುಷಿಯೋ ಖುಷಿ. ಸುಹೇಲಿಯ ಕತೆ ತೆಗೆದರು. 1968ರಲ್ಲಿ ಹೊರಟು, ಎಲ್ಲೂ ನಿಲ್ಲದೆ, ಒಬ್ಬರೇ 312 ದಿನಗಳಲ್ಲಿ ಭೂಮಿ ಸುತ್ತಿಬಂದ ರಾಬಿನ್ ನಾಕ್ಸ್-ಜಾನ್ಸ್ಟನ್ನರ ದೋಣಿ ಅದು, ಕಟ್ಟಿದ್ದು ಬೊಂಬಾಯಿಯಲ್ಲಿ. “ನಿಮ್ಮ ಊರಿನ ತೇಗ!” ಎಂದು ಹುಡುಗನ ಬೆನ್ನು ತಟ್ಟಿದರು. ಅವನ ಊರು ಯಶವಂತಪುರ. “312 ದಿನದಲ್ಲಿ ಒಂದು ರಾತ್ರಿಯೂ ಮರೀನಾದಲ್ಲಿ ಕಳೆಯಲಿಲ್ಲ, ಗಮನಿಸಿ. ಬುದ್ಧಿವಂತ” ಎಂದೂ ಸೇರಿಸಿದರು.

ಹುಡುಗನನ್ನು ಕ್ಯಾಬಿನ್ನಿನಲ್ಲಿ, ಕಂಬದ ಬುಡಕ್ಕೆ ತಲೆಯಿಟ್ಟು ಮಲಗಿಸಿ, ರಾಯರು ಡೆಕ್ಕಿನ ಮೇಲೆ ಬಿಗಿತಂತಿ ಹಿಡಿದು ದೋಣಿಯನ್ನು ಎಡಕ್ಕೂ ಬಲಕ್ಕೂ ತೂಗಿದರು. ಟಕ್ ಎಂದರೆ ಒಳಗಿನಿಂದ ಮೇಲ್ಛಾವಣಿಗೆ ಒಂದು ಗುದ್ದು ಕೊಡಬೇಕು ಎಂಬುದು ಒಪ್ಪಂದ. ಎಪ್ಪತ್ತು ದಾಟಿದ ಮನುಷ್ಯ, ಬೆವರು ಸುರಿಸಿ ತೂಗಿದ್ದೇ ತೂಗಿದ್ದು. ಗುದ್ದು ಬರಲಿಲ್ಲ. ಗೆಲುವಿನ ನಗೆ ಬೀರುತ್ತ ಇಬ್ಬರೂ ಕೆಳಗಿಳಿದರೆ ಹುಡುಗ ಬಾಯಿ ತೆರೆದು ನಿದ್ದೆ ಹೋಗಿದ್ದಾನೆ.

“ಏನಾದರೂ ಕೇಳಿಸಿತೇನೋ?” ಎಂದು ಎಬ್ಬಿಸಿ ಕೇಳಿದೆ.

“ಎಲ್ಲಿ ಮಾವ?” ಎಂದ. ಅವರ ಮನೆಯ ಹಿತ್ತಿಲಿನಾಚೆಗೇ ರೈಲು ಹಳಿ. ಅವನು ಹುಟ್ಟಿದಂದಿನಿಂದ ಗೂಡ್ಸು ಗಾಡಿಯ ಜೋಗುಳ ಕೇಳಿದವನು.

ಈ ಸಾಕ್ಷಿಯನ್ನು ರಾಯರು ತಿರಸ್ಕರಿಸಿದರು. ರಾತ್ರಿಯಿಡೀ ತಾವೇ ಎದ್ದು ಕೂತು ಕೇಳುವುದೆಂದು ಗೊತ್ತುಮಾಡಿದರು. ಒಂದು ರಾತ್ರಿ ಹೋಗಿ ಇನ್ನೊಂದಾಯಿತು. ಎದ್ದು ಕೂತವರಿಗೆ ದೀಪ ಬೇಕು, ರೇಡಿಯೋ ಬೇಕು, ಸದ್ದಿನ ಡೆಸಿಬೆಲ್ ಅಳೆಯುವ ಫೋನಿಗೆ ಚಾರ್ಜು ಬೇಕು. ತೀರದ ಕರೆಂಟಿಗೆ ದುಡ್ಡು ಕಟ್ಟಲು ಅವರು ಒಪ್ಪರು. ದೋಣಿಯ ಬ್ಯಾಟರಿ ಬೆಳಗಾಗುವುದರೊಳಗೆ ಕೈಕೊಡತೊಡಗಿತು. ಇಂಜಿನಿಯರು ಸುಮ್ಮನಿರುತ್ತಾರೆಯೆ? ದೋಣಿಯ ಹಿಂಭಾಗದಲ್ಲಿ ಒಂದು ಕಂಬಿ ನೆಟ್ಟು, ತುದಿಗೆ ಗಾಳಿಯಿಂದ ಕರೆಂಟು ಮಾಡುವ ಪುಟ್ಟ ಯಂತ್ರ ಕೂರಿಸಿದರು. ಬಲ ನಾಲ್ಕರ ಗಾಳಿಗೆ ಅದು ಮೂಗಿನಲ್ಲಿ ಗುಯ್‌ಗುಟ್ಟುತ್ತದೆ. ಆರಕ್ಕೆ, ನಾನು ಹೇಳುವುದಿಲ್ಲ, ಪಾಂಟೂನಿನ ಕೊನೆಯಲ್ಲಿ ದೋಣಿ ಕಟ್ಟಿದವರನ್ನು ಕೇಳಿ. “ಇದು ಸ್ವಲ್ಪ ಜೋರಲ್ಲವೇ?” ಎಂದು ನಾನು ಕೂಗಿದೆ. ಕೂಗದೆ ಕೇಳಿಸುವಂತಿರಲಿಲ್ಲ. “ಯಾವುದು?” ಎಂದು ಅವರೂ ಕೂಗಿದರು. ಬೆರಳು ತೋರಿಸಿದೆ. “ಓ, ಅದಾ! ಅದು ಸದ್ದಲ್ಲ, ಅದು ಕರೆಂಟು.”

ಗಾಳಿ ನಿಂತ ಒಂದು ಮುಂಜಾನೆ ನೋಡಿದರೆ ಯಂತ್ರದ ರೆಕ್ಕೆಗಳನ್ನು ಯಾರೋ ಕಂಬಿಗೆ ಸೇರಿಸಿ ಎಲಾಸ್ಟಿಕ್ಕಿನಿಂದ ಕಟ್ಟಿದ್ದರು. ಜೊತೆಗೊಂದು ಚೀಟಿ: ‘ತಮ್ಮ ಯಂತ್ರ ಸ್ವಲ್ಪ ಸಡಿಲವಾಗಿದ್ದಂತೆ ತೋರಿತು. ಬಿಗಿಯುವ ಸ್ವಾತಂತ್ರ್ಯ ವಹಿಸಿದ್ದೇನೆ.’ ರಾಯರು ಚೀಟಿಯನ್ನು ಎರಡು ಸಲ ಓದಿದರು. ಎಲಾಸ್ಟಿಕ್ಕನ್ನು ಹಿಡಿದು ನೋಡಿದರು. ಅವರದೇ, ಹಸಿರು ಪಟ್ಟೆಯದು. ಕನ್ನಡಕ ಏರಿಸಿ ಇನ್ನಷ್ಟು ಹತ್ತಿರಕ್ಕೆ ಬಗ್ಗಿದರು. ಈಗ ಏನು ಹೇಳುತ್ತಾರೋ ಎಂದು ನಾನು ಉಸಿರು ಹಿಡಿದಿದ್ದೆ.

“ಗಂಟು ನೋಡಿ,” ಎಂದರು, ನಿಜವಾದ ನೋವಿನಿಂದ. “ಇದನ್ನು ಗಂಟು ಅನ್ನುತ್ತಾರೆಯೆ?”