ಅರ್ಧ ದಿನದ ಮುದೀರರು

ಕುವೈತಿನ ಸಬ್ಹಾನಿನಲ್ಲಿ ಸಮುದ್ರ ಒಂದು ಬಿಟ್ಟರೆ ಉಳಿದದ್ದೆಲ್ಲ ಉಂಟು. ಗೋದಾಮು ಉಂಟು, ಗ್ಯಾರೇಜು ಉಂಟು, ಹಾಲು-ಐಸ್‌ಕ್ರೀಮಿನ ದೊಡ್ಡ ಕಾರ್ಖಾನೆ ಉಂಟು, ತಲೆಯ ಮೇಲೆ ವಿಮಾನ ಉಂಟು, ಆರನೇ ರಿಂಗ್ ರೋಡಿನಲ್ಲಿ ಬೆಳ್ಳಂಬೆಳಗ್ಗೆ ಲಾರಿಗಳ ಮೆರವಣಿಗೆ ಉಂಟು. ಇಂಥ ಊರಿನ ವಿಳಾಸ ಹಾಕಿಕೊಂಡು ಯಾರಾದರೂ ‘ಖಾಸಗಿ ಬೋಟ್ ವಿಹಾರ, ಅರ್ಧ ದಿನ, ಈಜು ಮತ್ತು ದ್ವೀಪ ದರ್ಶನ’ ಎಂದು ಜಾಹೀರಾತು ಕೊಟ್ಟರೆ ಹುಬ್ಬೇರಿಸಬೇಕಾಗಿಲ್ಲ. ಕುವೈತಿನ ಬೋಟುಗಳು ವಾರದ ಬಹುಭಾಗ ಒಣನೆಲದ ಮೇಲೇ ಬದುಕುತ್ತವೆ. ಟ್ರೇಲರಿನ ಮೇಲೆ, ತಗಡಿನ ಶೆಡ್ಡಿನ ಕೆಳಗೆ, ಧೂಳು ಕುಡಿಯುತ್ತಾ. ಶುಕ್ರವಾರ ಬಂದಾಗ ಮಾತ್ರ ಅವಕ್ಕೆ ನೀರು. ಆ ಶೆಡ್ಡುಗಳಲ್ಲೇ ದುಡಿಯುವ ನಮ್ಮವರ ಜಾತಕವೂ ಇದೇ ಆದ್ದರಿಂದ ಇಬ್ಬರಿಗೂ ಚೆನ್ನಾಗಿ ಹೊಂದುತ್ತದೆ.

ವಿಹಾರ ಶುರುವಾಗುವುದು ಕಡಲಿನಲ್ಲಲ್ಲ, ವಾಟ್ಸ್ಯಾಪಿನಲ್ಲಿ. ಸೋಮವಾರ ಒಂದು ಗುಂಪು ಹುಟ್ಟುತ್ತದೆ, ಮಂಗಳವಾರ ಅದಕ್ಕೊಬ್ಬ ಖಜಾಂಚಿ, ಬುಧವಾರ ಒಬ್ಬರು ಮುನಿಸಿಕೊಂಡು ಗುಂಪು ಬಿಡುತ್ತಾರೆ, ಗುರುವಾರ ಅವರನ್ನು ಮನೆಗೆ ಹೋಗಿ ಕರೆದು ತರಬೇಕು, ಏಕೆಂದರೆ ಅವರು ಬಿಟ್ಟರೆ ತಲೆಗೆ ಬೀಳುವ ಪಾಲು ಜಾಸ್ತಿಯಾಗುತ್ತದೆ. ಬೋಟಿನವನು ಹತ್ತು ಜನ ಎಂದಿರುತ್ತಾನೆ. ನಮ್ಮ ಲೆಕ್ಕದಲ್ಲಿ ಹತ್ತು ಎಂದರೆ ದೊಡ್ಡವರು ಹತ್ತು. ಹನ್ನೆರಡರ ಒಳಗಿನ ಮಕ್ಕಳು ಅರ್ಧರ್ಧ, ಮಡಿಲ ಕೂಸುಗಳು ಸೊನ್ನೆ, ಊರಿನಿಂದ ವಿಸಿಟ್ ವೀಸಾದಲ್ಲಿ ಬಂದ ಅತ್ತೆ-ಮಾವ ಅತಿಥಿಗಳಾದ್ದರಿಂದ ಲೆಕ್ಕಕ್ಕೇ ಇಲ್ಲ. ಅವನು ತಕರಾರು ತೆಗೆದರೆ ನಮ್ಮ ಗುಂಪಿನ ಅಕೌಂಟೆಂಟ್ ಸಾಹೇಬರ ಹತ್ತಿರ ಉತ್ತರ ತಯಾರು: ‘ಪ್ರೈವೇಟ್ ಅಲ್ವಾ ಮಾರಾಯ್ರೇ? ನಾವು ಎಷ್ಟು ಜನ ಆದ್ರೆ ಅವನಿಗೆಂತ?’

ಈ ‘ಪ್ರೈವೇಟ್’ನಲ್ಲೇ ಇರುವುದು ಎಲ್ಲ ಮಜಾ. ಇಲ್ಲದಿದ್ದರೆ ಉಡುಪಿ, ಕುಂದಾಪುರ, ಸುರತ್ಕಲ್ ಕಡೆಯಿಂದ ಬಂದವರಿಗೆ ಸಮುದ್ರವೇನು ಹೊಸದೇ? ಮನೆಯ ಹಿತ್ತಿಲ ತೆಂಗಿನ ಬುಡಕ್ಕೇ ಬಂದು ಹೋಗುವ ಕಡಲು, ಬಿಟ್ಟಿ. ಬಿಟ್ಟಿಯಾದ್ದರಿಂದಲೇ ಅದಕ್ಕೆ ಬೆಲೆಯಿಲ್ಲ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟು ಹೋಗುತ್ತದೆ. ಅಲ್ಲಿನ ಕಂಬದಂಥ ಕಲ್ಲುಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಸಾರಿದೆ. ಅಷ್ಟಾದರೂ ಅದನ್ನು ನೋಡದ ಉಡುಪಿಯವರು ಕುವೈತಿನಲ್ಲಿ ಕಡಿಮೆಯೇನಿಲ್ಲ. ಹೋಗುವುದಾದರೂ ಹೇಗೆ? ಅದರಲ್ಲಿ ಎಲ್ಲರೂ ಕೂರುತ್ತಾರೆ. ಪಕ್ಕದಲ್ಲಿ ಗದಗಿನಿಂದ ಬಂದ ಶಾಲಾ ಮಕ್ಕಳು ವಾಂತಿ ಮಾಡುತ್ತಿರುತ್ತಾರೆ. ಇಲ್ಲಿ ಹಾಗಲ್ಲ. ಇಲ್ಲಿ ವಾಂತಿ ಮಾಡುವವರೂ ನಮ್ಮವರೇ.

ಖಾಸಗಿತನಕ್ಕೆ ಕುವೈತಿನಲ್ಲಿ ಇನ್ನೂ ಒಂದು ಕಾರಣ ಇದೆ. ಮೂವತ್ತು ವರ್ಷ ದುಡಿದರೂ ಒಂದು ಅಂಗೈ ಜಾಗ ನಮ್ಮ ಹೆಸರಿಗೆ ಆಗುವುದಿಲ್ಲ. ಇಕಾಮಾ ಎಂಬ ವಾಸದ ಪರವಾನಗಿ ಕಂಪನಿಯದ್ದು, ಫ್ಲಾಟ್ ಬಾಡಿಗೆಯದ್ದು, ಕಾರು ಬ್ಯಾಂಕಿನದ್ದು. ಎಂಟು ಗಂಟೆ ಇನ್ನೊಬ್ಬ ಮುದೀರನ, ಅಂದರೆ ಮ್ಯಾನೇಜರನ, ಎದುರು ‘ಹಾಜಿರ್’ ಎಂದು ನಿಂತವನಿಗೆ ನಾಲ್ಕು ಗಂಟೆಯ ಮಟ್ಟಿಗಾದರೂ ತಾನೇ ಮುದೀರನಾಗುವ ಆಸೆ ಸಹಜ. ಬೋಟು ಹತ್ತಿದ ಕೂಡಲೇ ಅವನ ದನಿ ಬದಲಾಗುತ್ತದೆ. ನಿನ್ನೆ ಆಫೀಸಿನಲ್ಲಿ ತಾನು ಕೇಳಿದ ‘ಯಲ್ಲಾ, ಯಲ್ಲಾ!’ ಇವತ್ತು ಅವನ ಬಾಯಿಂದಲೇ ಹೊರಡುತ್ತದೆ. ಅದೇ ಸ್ವರ, ಅದೇ ಚಿಟಿಕೆ. ತರಬೇತಿ ಎಂದರೆ ಹಾಗಿರಬೇಕು.

ವಿಹಾರ ಸಮಿತಿಯ ಅತಿ ಗಂಭೀರ ಅಧಿವೇಶನ ನಡೆಯುವುದು ಯಾರನ್ನು ಕರೆಯಬೇಕು ಎಂಬುದಕ್ಕಲ್ಲ, ಯಾರನ್ನು ಬಿಡಬೇಕು ಎಂಬುದಕ್ಕೆ. ಸಬ್ಹಾನಿನ ಗೋದಾಮಿನಲ್ಲೇ ಫೋರ್ಕ್‌ಲಿಫ್ಟ್ ಓಡಿಸುವ ನಮ್ಮೂರ ಹುಡುಗರು ನಾಲ್ಕೈದು ಜನ ಇರುತ್ತಾರೆ. ಕನ್ನಡ ರಾಜ್ಯೋತ್ಸವಕ್ಕೆ ಕುರ್ಚಿ ಹಾಕಲು, ಯಕ್ಷಗಾನಕ್ಕೆ ರಂಗಸ್ಥಳ ಕಟ್ಟಲು, ಊಟಕ್ಕೆ ಬಡಿಸಲು ಅವರಿಲ್ಲದೆ ಆಗುವುದಿಲ್ಲ. ಬೋಟಿಗೆ ಮಾತ್ರ ಅವರು ‘ಬ್ಯಾಚುಲರ್‌ಗಳು’. ಮದುವೆಯಾಗಿ ಇಬ್ಬರು ಮಕ್ಕಳು ಊರಲ್ಲಿ ಶಾಲೆಗೆ ಹೋಗುತ್ತಿದ್ದರೂ ಹೆಂಡತಿಯನ್ನು ಕರೆಸುವ ಸಂಬಳ ಇಲ್ಲದವನು ಈ ದೇಶದಲ್ಲಿ ಬ್ಯಾಚುಲರನೇ. 2024ರ ಜನವರಿಯಲ್ಲಿ ಕುವೈತ್ ಸರ್ಕಾರ ಕುಟುಂಬ ವೀಸಾ ಮತ್ತೆ ಶುರುಮಾಡಿದಾಗ ಅದಕ್ಕೆ ಇಟ್ಟ ಸಂಬಳದ ಗೆರೆ 800 ದಿನಾರ್. ಖಾಸಗಿ ಕೆಲಸಗಾರನಿಗೆ 2017ರಲ್ಲಿ ನಿಗದಿಯಾದ ಕನಿಷ್ಠ ವೇತನ ತಿಂಗಳಿಗೆ 75. ಆಚೆ ಗಂಡಸು, ಈಚೆ ಗೃಹಸ್ಥ. ನಡುವೆ 725 ದಿನಾರ್ ಅಗಲದ ಒಂದು ಕೊಲ್ಲಿ. ಇದನ್ನು ದಾಟಿಸುವ ಬೋಟು ಯಾವ ಮರೀನಾದಲ್ಲೂ ಸಿಗುವುದಿಲ್ಲ.

ಅಂದ ಹಾಗೆ, ನಮ್ಮ ಬೋಟಿನ ಅರ್ಧ ದಿನದ ಬಾಡಿಗೆಯೂ ಆ 75ರ ಆಸುಪಾಸಿನಲ್ಲೇ ಇತ್ತು. ಚೌಕಾಸಿ ಗೊತ್ತಿಲ್ಲದವರಿಗೆ ಇನ್ನೂ ಮೇಲೆ. ಒಬ್ಬನ ತಿಂಗಳು, ಇನ್ನೊಬ್ಬನ ಶುಕ್ರವಾರದ ಬೆಳಗ್ಗೆ. ‘ಫ್ಯಾಮಿಲಿ ಇರ್ತದೆ, ಹೆಂಗಸರಿಗೆ ಮುಜುಗರ ಆಗ್ತದೆ’ ಎಂದು ಸಮಿತಿ ಠರಾವು ಮಾಡಿ ಹುಡುಗರನ್ನು ಬಿಡುತ್ತದೆ. ಹೆಂಗಸರನ್ನು ಯಾರೂ ಕೇಳಿರುವುದಿಲ್ಲ. ಕೇಳಿದ್ದರೆ, ಕೂಲರ್ ಬಾಕ್ಸ್ ಹೊರುವುದಕ್ಕಾದರೂ ಇಬ್ಬರನ್ನು ಕರೆಯಿರಿ, ನಮ್ಮ ಗಂಡಂದಿರಿಗೆ ಸೊಂಟನೋವು ಎನ್ನುತ್ತಿದ್ದರು.

ಹೊರಡುವುದು ಕುಬ್ಬರ್ ದ್ವೀಪಕ್ಕೆ. ಕುವೈತಿಗೆ ಇರುವ ಒಂಬತ್ತು ದ್ವೀಪಗಳಲ್ಲಿ ಇದು ಪುಟ್ಟವುಗಳಲ್ಲೊಂದು. ದಕ್ಷಿಣದ ದಡದಿಂದ ಸುಮಾರು 30 ಕಿಲೋಮೀಟರ್, ಸುತ್ತ ಹವಳ, ನಡುವೆ ಒಂದಿಷ್ಟು ಮರಳು ಮತ್ತು ಕುರುಚಲು. ಬೇಸಿಗೆಯಲ್ಲಿ ಇಲ್ಲಿ ರೀವ ಹಕ್ಕಿಗಳು ನೆಲದ ಮೇಲೇ ಮೊಟ್ಟೆ ಇಡುತ್ತವೆ. ನಾವು ಅದರ ಪಕ್ಕದಲ್ಲೇ ಚಾಪೆ ಹಾಸಿ ಬ್ಲೂಟೂತ್ ಸ್ಪೀಕರಿನಲ್ಲಿ ಡಿಂಚಕ್ ಹಾಡು ಇಡುತ್ತೇವೆ. ಹಕ್ಕಿಗಳು ಗಲಾಟೆ ಮಾಡಿದರೆ ‘ಎಂತ ಕಿರಿಕಿರಿ ಮಾರಾಯ್ರೇ ಇವುಗಳದ್ದು’ ಎಂದು ನಮಗೇ ಸಿಟ್ಟು. ಇನ್ನೂ ತೆಂಕಕ್ಕೆ ಹೋದರೆ ಕಾರೂಹ್. 1991ರ ಜನವರಿಯಲ್ಲಿ ಇರಾಕಿನ ಹಿಡಿತದಿಂದ ಮೊಟ್ಟಮೊದಲು ಬಿಡುಗಡೆಯಾದ ಕುವೈತಿನ ನೆಲ ಅದು. ಕಳೆದ ಸಲದ ವಿಹಾರದಲ್ಲಿ ಇದನ್ನು ಹೇಳಲು ಹೊರಟ ಮೇಷ್ಟ್ರೊಬ್ಬರನ್ನು ‘ಸಾರ್, ಸ್ವಲ್ಪ ಆಚೆ ಸರೀರಿ, ಫ್ರೇಮಿಗೆ ಬರ್ತೀರಿ’ ಎಂದು ಸುಮ್ಮನಾಗಿಸಲಾಯಿತು.

ಈಜಿನ ವಿಷಯ ಹೆಚ್ಚು ಬೆಳೆಸುವಂತಿಲ್ಲ. ಕಡಲ ಮಕ್ಕಳು ಎಂದು ವೇದಿಕೆಯಲ್ಲಿ ಹೇಳಿಕೊಳ್ಳುವವರಲ್ಲಿ ಈಜು ಬರುವವರು ಇಬ್ಬರು. ಅವರೂ ಕಲಿತದ್ದು ದೇವಸ್ಥಾನದ ಕೆರೆಯಲ್ಲಿ. ಉಳಿದವರು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಬಿಗಿದು, ಬೋಟಿನ ಏಣಿಯ ಕೊನೆಯ ಮೆಟ್ಟಿಲು ಹಿಡಿದು, ಸೊಂಟದವರೆಗೆ ಇಳಿದು, ಫೋಟೋ ತೆಗೆಸಿಕೊಂಡು ಹತ್ತುತ್ತಾರೆ. ಅದಕ್ಕೆ ಶೀರ್ಷಿಕೆ: ‘ಡೀಪ್ ಸೀ’. ಜುಲೈಯಲ್ಲಿ ಹೋದವರಿಗೆ ನೀರಿನ ಸುಖವೂ ಇಲ್ಲ. 2020ರ ಜುಲೈ 30ರಂದು ಕುವೈತ್ ಕೊಲ್ಲಿಯ ನೀರಿನ ಬಿಸಿ 37.6 ಡಿಗ್ರಿ ಮುಟ್ಟಿದ್ದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಜ್ವರ ಬಂದ ಸಮುದ್ರ. ಅದರಲ್ಲಿ ಮುಳುಗಿದವರು ತಂಪಾಗಲು ಮತ್ತೆ ಬೋಟಿನ ನೆರಳಿಗೇ ಓಡಬೇಕು.

ನೆರಳು ಎಂದೆನಲ್ಲ, ಅದೂ ಒಂದು ಪಾಲುಪಟ್ಟಿ. ಜೂನ್ 1ರಿಂದ ಆಗಸ್ಟ್ 31ರವರೆಗೆ ಬೆಳಗ್ಗೆ 11ರಿಂದ ಸಂಜೆ 4ರ ತನಕ ಬಯಲಿನ ಬಿಸಿಲಲ್ಲಿ ಯಾರನ್ನೂ ದುಡಿಸಬಾರದು ಎಂದು ಕುವೈತಿನ ನಿಯಮ. ನಮ್ಮ ಗುಂಪಿನ ಸೇಫ್ಟಿ ಆಫೀಸರ್ ಇದರ ಬಗ್ಗೆ ಸೈಟಿನಲ್ಲಿ ವಾರಕ್ಕೊಮ್ಮೆ ಭಾಷಣ ಮಾಡುತ್ತಾರೆ. ಅವತ್ತು ಬೋಟಿನ ಮೇಲ್ಛಾವಣಿಯ ಕೆಳಗೆ ಅವರು ಕಾಲು ಚಾಚಿ ಕೂತಿದ್ದರು. ಹಿಂಬದಿಯ ಎಂಜಿನ್ನಿನ ಪಕ್ಕ, ಹೊಗೆ ಮತ್ತು ಬಿಸಿಲಿನ ನಡುವೆ, ಹಗ್ಗ ಸುತ್ತುತ್ತ ಒಬ್ಬ ಹುಡುಗ ನಿಂತಿದ್ದ. ಗಂಟೆ ಹನ್ನೊಂದು ದಾಟಿತ್ತು. ಅದು ದುಡಿಮೆ ಅಲ್ಲವಲ್ಲ, ವಿಹಾರ.

ಈ ಕೊಲ್ಲಿಯಲ್ಲಿ ಹಿಂದೆಯೂ ಜನ ನೀರಿಗೆ ಇಳಿಯುತ್ತಿದ್ದರು. ಅರ್ಧ ದಿನಕ್ಕಲ್ಲ, ಬೇಸಿಗೆಯ ಸುಮಾರು ನಾಲ್ಕು ತಿಂಗಳು. ಎಣ್ಣೆ ಬರುವ ಮುನ್ನ ಕುವೈತಿನ ಅನ್ನ ಮುತ್ತಿನಲ್ಲಿತ್ತು. ಮೂಗಿಗೆ ಕ್ಲಿಪ್ಪು, ಕಾಲಿಗೆ ಕಲ್ಲಿನ ಭಾರ, ಸೊಂಟಕ್ಕೆ ಹಗ್ಗ. ಮುಳುಗುವವನೊಬ್ಬ, ಎಳೆಯುವವನೊಬ್ಬ, ಎಲ್ಲರ ಮೇಲೆ ನಖೋದಾ ಎಂಬ ಹಡಗಿನ ಯಜಮಾನ. ಋತುವಿನ ಆರಂಭದಲ್ಲಿ ಮನೆಖರ್ಚಿಗೆಂದು ಮುಂಗಡ ತೆಗೆದುಕೊಂಡವನು ಮುತ್ತು ಸಿಗದಿದ್ದರೆ ಸಾಲದ ಸಮೇತ ಮುಂದಿನ ವರ್ಷ ಅದೇ ನಖೋದಾನ ಹಡಗಿಗೆ. ಜಪಾನಿನವರು ಮುತ್ತನ್ನು ಬೆಳೆಯಲು ಕಲಿತರು, 1938ರಲ್ಲಿ ಬುರ್ಗಾನಿನಲ್ಲಿ ಎಣ್ಣೆ ಸಿಕ್ಕಿತು, 1946ರಲ್ಲಿ ಅದರ ರಫ್ತು ಶುರುವಾಯಿತು. ಮುಳುಗುವ ಕಸುಬು ಮುಗಿಯಿತು. ಮುಂಗಡ ಮುಗಿಯಲಿಲ್ಲ. ಅದು ವೀಸಾ ಏಜೆಂಟನ ಕೈಗೆ ದಾಟಿಕೊಂಡಿತು. ಆ ಮುತ್ತಿನ ಕಾಲದಲ್ಲಿ ಕುವೈತಿನ ಹಾಯಿಹಡಗುಗಳು ಖರ್ಜೂರ ಹೇರಿಕೊಂಡು ನಮ್ಮ ಪಡುಗಡಲ ಬಂದರುಗಳಿಗೆ ಬಂದು ಮರ, ಹಗ್ಗ ಕೊಂಡೊಯ್ಯುತ್ತಿದ್ದವು. 1961ರಲ್ಲಿ ದಿನಾರ್ ಬರುವವರೆಗೆ ಕುವೈತಿನಲ್ಲಿ ಚಲಾವಣೆಯಲ್ಲಿದ್ದದ್ದು ರೂಪಾಯಿ. ಈಗ ಒಂದು ದಿನಾರ್ ಎಷ್ಟು ರೂಪಾಯಿ ಎಂಬುದನ್ನು ನಮ್ಮವರು ಹಲ್ಲುಜ್ಜುವ ಮೊದಲೇ ನೋಡುತ್ತಾರೆ.

ಮಧ್ಯಾಹ್ನಕ್ಕೆ ಬಿರಿಯಾನಿ, ಜೊತೆಗೆ ನೀರುದೋಸೆ, ಯಾರೋ ಸಾಹಸಿಗಳು ತಂದ ಕೋಳಿ ಸುಕ್ಕ. ಅರುವತ್ತು ವರ್ಷದಿಂದ ಪಾನನಿರೋಧ ಇರುವ ದೇಶವಾದ್ದರಿಂದ ಸಬ್ಹಾನಿನ ಡೈರಿಯ ಲಬನ್ ಪ್ಯಾಕೆಟ್ಟುಗಳನ್ನೇ ಎತ್ತಿ ಹಿಡಿದು ‘ಚಿಯರ್ಸ್’. ಮಜ್ಜಿಗೆ ಕುಡಿದು ತೂರಾಡುವ ಕಲೆ ನಮ್ಮವರಿಗೆ ಮಾತ್ರ ಸಿದ್ಧಿಸಿದೆ. ಅಲೆಯ ಸಹಕಾರವೂ ಇರುತ್ತದೆ. ಖಾಲಿ ಪ್ಯಾಕೆಟ್ಟುಗಳು ಎಲ್ಲಿ ಹೋದವು ಎಂದು ಕೇಳಬಾರದು. ಕುವೈತ್ ಡೈವ್ ಟೀಮ್ ಎಂಬ ಸ್ವಯಂಸೇವಕರ ತಂಡ ವರ್ಷಗಳಿಂದ ಈ ಹವಳದ ದಿಬ್ಬಗಳಿಂದ ಬಲೆ, ಬಾಟಲಿ, ಪ್ಲಾಸ್ಟಿಕ್ಕು ಹೆಕ್ಕುತ್ತಿದೆ. ಸ್ವಚ್ಛ ಭಾರತದ ಪೊರಕೆ ಹಿಡಿದು ರಾಯಭಾರ ಕಚೇರಿಯ ಮುಂದೆ ಫೋಟೋ ತೆಗೆಸಿಕೊಂಡವರು ಅವರಿಗೆ ಕೆಲಸದ ಕೊರತೆ ಆಗದಂತೆ ನೋಡಿಕೊಳ್ಳುತ್ತಾರೆ.

ಎಂಜಿನ್ನಿನ ಪಕ್ಕದ ಹುಡುಗನನ್ನು ಅಷ್ಟು ಹೊತ್ತೂ ‘ಏ ಭಯ್ಯಾ’ ಎಂದು ಹಿಂದಿಯಲ್ಲಿ ಕರೆಯಲಾಗುತ್ತಿತ್ತು. ಅವನ ಎದುರೇ ಕನ್ನಡದಲ್ಲಿ ಚರ್ಚೆ: ಈ ಲೇಬರ್ ಜನರನ್ನು ತಲೆ ಮೇಲೆ ಕೂರಿಸಬಾರದು, ನಗು ತೋರಿಸಿದರೆ ಸಾಕು ಟಿಪ್ಸ್ ಕೇಳ್ತಾರೆ, ಇವರಿಗೆಲ್ಲ ಮೊಬೈಲು ಮಾತ್ರ ನಮಗಿಂತ ದೊಡ್ಡದು ಇರ್ತದೆ. ಅಷ್ಟರಲ್ಲಿ ಒಂದು ಮಗು ಜಾಕೆಟ್ ಕಳಚಿ ಅಂಚಿಗೆ ಓಡಿತು. ಹುಡುಗ ಹಗ್ಗ ಬಿಟ್ಟು, ಒಂದೇ ನೆಗೆತಕ್ಕೆ ಅದನ್ನು ಹಿಡಿದು ಕೂರಿಸಿ, ಮುದೀರರ ಕಡೆ ತಿರುಗಿ ಅಂದ:

‘ಹೊಯ್, ಮಕ್ಳಿಗೆ ಜಾಕೆಟ್ ಹಾಯ್ಕಣಿ ಮರ್ರೆ, ಇಲ್ ಆಳ ಇತ್ತ್.’

ಬೋಟಿನಲ್ಲಿ ಅಲೆ ಬಿಟ್ಟು ಬೇರೆ ಸದ್ದಿಲ್ಲ. ನಾಚಿಕೆ ಎಂದುಕೊಂಡಿರಾ? ಲೆಕ್ಕಾಚಾರ. ಅರ್ಧ ನಿಮಿಷದಲ್ಲಿ ಅಕೌಂಟೆಂಟ್ ಸಾಹೇಬರು ಸುಧಾರಿಸಿಕೊಂಡರು. ‘ಅಯ್ಯೋ, ನೀನು ನಮ್ಮ ಕಡೆಯವನಾ? ಮೊದಲೇ ಹೇಳುದಲ್ವಾ! ಯಾವ ಊರು?’ ಗಂಗೊಳ್ಳಿ. ‘ಯಾರ ಪೈಕಿ?’ ಉತ್ತರ ಬಂತು. ‘ತಾಯಿಮನೆ ಎಲ್ಲಿ?’ ಅದೂ ಬಂತು. ಮೂರನೇ ಪ್ರಶ್ನೆಗೆ ಜಾತಿ ತಿಳಿಯಿತು, ನಾಲ್ಕನೆಯದಕ್ಕೆ ಗೇಣಿ ಮಾಡುತ್ತಿದ್ದ ಗದ್ದೆ ಯಾರದ್ದೆಂದು ತಿಳಿಯಿತು. ಕುವೈತಿನ ಯಾವ ಪೊಲೀಸೂ ಸಿವಿಲ್ ಐಡಿ ನೋಡಿ ಇಷ್ಟು ಬೇಗ ಇಷ್ಟು ಮಾಹಿತಿ ಹೊರಡಿಸಲಾರ. ಹುಡುಗನಿಗೆ ಒಮ್ಮೆಲೇ ‘ತಮ್ಮ’ ಎಂಬ ಬಡ್ತಿ ಸಿಕ್ಕಿತು. ಹಿಂದೆಯೇ ಅದರ ಬಿಲ್ಲೂ ಬಂತು: ‘ತಮ್ಮ, ಹೇಗೂ ನಮ್ಮವನೇ, ಇನ್ನೊಂದು ಅರ್ಧ ಗಂಟೆ ಸುತ್ತಿಸು ನೋಡುವ. ಅರಬಿಗೆ ಎಂಜಿನ್ ಬಿಸಿಯಾಯ್ತು ಅಂತ ಹೇಳಿದ್ರಾಯ್ತು.’

ಹುಡುಗ ನಕ್ಕ. ಬೋಟಿಗೆ ಜಿಪಿಎಸ್ ಇದೆ, ಯಜಮಾನ ಮನೆಯಲ್ಲೇ ಕೂತು ಫೋನಿನಲ್ಲಿ ನೋಡುತ್ತಾನೆ, ಹೊತ್ತು ಮೀರಿದರೆ ತನ್ನ ಸಂಬಳದಲ್ಲಿ ಹಿಡಿಯುತ್ತಾನೆ ಎಂದ. ‘ಊರಿನವರು ಅಂತ ಒಂದು ಸಹಾಯ ಕೇಳಿದ್ರೆ ಎಷ್ಟು ಕಾನೂನು ಮಾತಾಡ್ತಾನೆ ನೋಡಿ’ ಎಂದು ಸೇಫ್ಟಿ ಆಫೀಸರಿಗೆ ಬೇಸರವಾಯಿತು.

ದಡ ಮುಟ್ಟುವ ಮೊದಲೇ ಫೋಟೋಗಳು ಊರು ಮುಟ್ಟಿದವು. ‘ನಮ್ಮದೇ ಬೋಟ್’ ಎಂಬ ಸಾಲು ನೋಡಿದ ಬಾವ ಸಂಜೆಯೊಳಗೆ ಫೋನು ಮಾಡಿ, ಮನೆಗೆ ಸ್ಲ್ಯಾಬ್ ಹಾಕುವುದುಂಟು, ಎರಡು ಲಕ್ಷ ಕಳಿಸು, ಬೋಟು ತಗೊಂಡವನಿಗೆ ಅದೆಂತ ದೊಡ್ಡದು ಎಂದ. ಇತ್ತ ಮರೀನಾದಲ್ಲಿ ಲೆಕ್ಕ ಮುಗಿಯಬೇಕಿತ್ತು. ಹೋಗುವಾಗಲೂ ಬರುವಾಗಲೂ ವಾಂತಿ ಮಾಡಿದ ಒಬ್ಬರು, ತಾನು ಏನನ್ನೂ ನೋಡಿಲ್ಲ, ಏನನ್ನೂ ತಿಂದಿಲ್ಲ, ತಿಂದದ್ದೂ ಉಳಿದಿಲ್ಲ, ಆದ್ದರಿಂದ ಅರ್ಧ ಪಾಲು ವಾಪಸು ಬೇಕು ಎಂದರು. ಖಜಾಂಚಿ ಒಪ್ಪಲಿಲ್ಲ. ಟಿಪ್ಸಿಗೆಂದು ಎತ್ತಿಟ್ಟ ಐದು ದಿನಾರ್ ಇತ್ತು. ಅದರಲ್ಲಿ ಇವರಿಗೆ ಸಮಾಧಾನ ಮಾಡಿದರೆ ಹೇಗೆ ಎಂದು ಯಾರೋ ಸೂಚಿಸಿದರು. ಹುಡುಗ ಅಷ್ಟು ದೂರದಲ್ಲಿ ಡೆಕ್ಕಿಗೆ ನೀರು ಬಿಟ್ಟು ಬಿರಿಯಾನಿಯ ಅಗುಳು ತೊಳೆಯುತ್ತಿದ್ದ. ಎಲ್ಲರೂ ಒಮ್ಮೆ ಅವನತ್ತ ನೋಡಿದರು.

‘ಭಯ್ಯಾ ಆಗಿದ್ರೆ ಕೊಡ್ಲೇಬೇಕಿತ್ತು’ ಎಂದರು ಅಕೌಂಟೆಂಟ್ ಸಾಹೇಬರು, ನೋಟನ್ನು ವಾಂತಿಯವರ ಕೈಗೆ ದಾಟಿಸುತ್ತಾ. ‘ಇವ ನಮ್ಮ ಊರಿನವ. ದುಡ್ಡು ಕೊಟ್ಟು ಅವಮಾನ ಮಾಡುದು ಬೇಡ.’